ಕೂನೂರಿನ ಪ್ರಯೋಗಶಾಲೆಯೂ ಇಡಿಧಾನ್ಯದ ಪ್ರಶ್ನೆಯೂ

ನಮ್ಮ ನಾಡಿನ ಆಹಾರದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಅರಮನೆಯ ಅಡುಗೆಮನೆಯಿಂದಲೇ ತಮ್ಮ ಸಾಮಗ್ರಿಯನ್ನು ಪಡೆದಿದ್ದಾರೆ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಮಾನಸೋಲ್ಲಾಸವಾಗಲಿ, ಮುಂದೆ ಮಂಗರಸನು ಕನ್ನಡದಲ್ಲಿ ರಚಿಸಿದ ಸೂಪಶಾಸ್ತ್ರವಾಗಲಿ, ಭಕ್ಷ್ಯಗಳ ಪಾಕವಿಧಾನವನ್ನು ವಿಸ್ತಾರವಾಗಿ ತಿಳಿಸುತ್ತವೆ. ಆದರೆ ಹೊಲದಿಂದ ಬಂದ ಧಾನ್ಯದಲ್ಲಿ ಎಷ್ಟು ಭಾಗ ಉಣ್ಣುವವನ ಕರುಳನ್ನು ಸೇರಿತು, ಎಷ್ಟು ಭಾಗ ತೌಡಾಗಿ ದನದ ಬಾನಿಗೆ ಹೋಯಿತು ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಅಷ್ಟಾಗಿ ಕೇಳಿಕೊಂಡಿಲ್ಲ. ಆ ಪ್ರಶ್ನೆಯನ್ನು ದಕ್ಷಿಣ ಭಾರತದಲ್ಲಿ ಪ್ರಯೋಗದ ಮೂಲಕ ಕೇಳಿದವನು ಒಬ್ಬ ಸೇನಾವೈದ್ಯ. ಕೇಳಿದ ಸ್ಥಳ ನೀಲಗಿರಿಯ ಕೂನೂರು. ಆತನು ಕಂಡುಕೊಂಡುದೇನು, ಆತನ ಹೆಸರಿನಲ್ಲಿ ಇಂದು ಹೇಳಲಾಗುತ್ತಿರುವುದೇನು, ಇವೆರಡರ ನಡುವಣ ಅಂತರವೆಷ್ಟು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ರಾಬರ್ಟ್ ಮೆಕ್ಯಾರಿಸನ್ ೧೮೭೮ರಲ್ಲಿ ಉತ್ತರ ಐರ್ಲೆಂಡಿನ ಪೋರ್ಟಡೌನಿನಲ್ಲಿ ಜನಿಸಿದನು. ೧೯೦೧ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿ ಚಿತ್ರಾಲ್ ಮತ್ತು ಗಿಲ್ಗಿಟ್ ಪ್ರಾಂತಗಳಲ್ಲಿ ಸುಮಾರು ಒಂಬತ್ತು ವರ್ಷ ಕಳೆದನು. ಗಳಗಂಡ ರೋಗದ ಕಾರಣವನ್ನು ಹುಡುಕುತ್ತ, ಆ ರೋಗವಿದ್ದ ಹಳ್ಳಿಗಳ ನೀರಿನ ಮಡ್ಡಿಯನ್ನು ತಾನೇ ಕುಡಿದು ಪರೀಕ್ಷಿಸಿದ ಸಾಹಸಿ ಈತ. ಅಲ್ಲಿಯ ಗುಡ್ಡಗಾಡಿನ ಜನರ, ಮುಖ್ಯವಾಗಿ ಹುಂಜಾ ಕಣಿವೆಯವರ, ದೇಹದಾರ್ಢ್ಯವು ಆತನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ವರ್ಷಕ್ಕೆ ಸರಾಸರಿ ೪೦೦ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ನಡೆಸುತ್ತಿದ್ದರೂ ಆ ಜನರಲ್ಲಿ ಜಠರದ ಹುಣ್ಣಾಗಲಿ, ಕರುಳುಬಾಲದ ಉರಿಯೂತವಾಗಲಿ, ದೊಡ್ಡ ಕರುಳಿನ ಲೋಳೆಯುರಿತವಾಗಲಿ ತನ್ನ ಕಣ್ಣಿಗೆ ಬೀಳಲಿಲ್ಲವೆಂದು ೧೯೨೧ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ ಆತನು ಹೇಳಿದನು. ಆ ಉಪನ್ಯಾಸದ ವಿಷಯವೇ ಸದೋಷವಾದ ಆಹಾರಕ್ಕೂ ಜೀರ್ಣಾಂಗಗಳ ಬೇನೆಗೂ ಇರುವ ಸಂಬಂಧ.

ಈ ಸಾಕ್ಷ್ಯವನ್ನು ಇತಿಹಾಸಕಾರನು ಎಚ್ಚರದಿಂದ ಸ್ವೀಕರಿಸಬೇಕು. ವೈದ್ಯನ ಬಳಿಗೆ ಬಂದವರೆಲ್ಲ ಊರಿನ ಜನರೆಲ್ಲರ ಪ್ರತಿನಿಧಿಗಳಲ್ಲ. ದಿನಗಟ್ಟಲೆ ಕಾಲುದಾರಿಯಲ್ಲಿ ನಡೆದುಬರಲಾರದ ರೋಗಿ ಆಸ್ಪತ್ರೆಯ ದಾಖಲೆಯನ್ನು ಸೇರುವುದೇ ಇಲ್ಲ. ೧೯೫೦ರ ಸುಮಾರಿನಲ್ಲಿ ಹುಂಜಾದಲ್ಲಿ ನೆಲಸಿ ಔಷಧಾಲಯವೊಂದನ್ನು ನಡೆಸಿದ ಅಮೆರಿಕದ ಜಾನ್ ಕ್ಲಾರ್ಕನು ಆಮಶಂಕೆ, ಮಲೇರಿಯಾ ಮೊದಲಾದ ರೋಗಗಳಿಂದ ನರಳುವವರನ್ನು ಧಾರಾಳವಾಗಿ ಕಂಡು, ತನ್ನ ೧೯೫೬ರ ಗ್ರಂಥದಲ್ಲಿ ಅದನ್ನು ದಾಖಲಿಸಿದನು. ರೋಗವೇ ಇಲ್ಲದ ಕಣಿವೆಯೊಂದಿದೆಯೆಂಬ ಕಥೆ ಓದಲು ರಮ್ಯವಾಗಿದೆ. ಅದರ ರಮ್ಯತೆಯೇ ನಮ್ಮಲ್ಲಿ ಸಂದೇಹವನ್ನು ಹುಟ್ಟಿಸಬೇಕು.

ಕೂನೂರಿನ ಕಾರ್ಯ ಇದಕ್ಕಿಂತ ಗಟ್ಟಿಯಾದ ನೆಲದ ಮೇಲೆ ನಿಂತಿದೆ. ೧೯೧೮ರಲ್ಲಿ ಅಲ್ಲಿಯ ಪಾಸ್ಟರ್ ಸಂಸ್ಥೆಯ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆ ಪ್ರಾರಂಭವಾಯಿತು. ನುಣ್ಣಗೆ ಪಾಲಿಶ್ ಮಾಡಿದ ಅಕ್ಕಿಯಿಂದ ಕೋಳಿಗಳಿಗೆ ಬೆರಿಬೆರಿಯಂತಹ ಬೇನೆ ಬರುತ್ತದೆಂಬುದನ್ನು ಜಾವಾ ದ್ವೀಪದಲ್ಲಿ ಡಚ್ ವೈದ್ಯ ಐಕ್ಮನ್ ೧೮೯೦ರ ದಶಕದಲ್ಲಿಯೇ ತೋರಿಸಿದ್ದನು. ನರಗಳ ಮತ್ತು ಹೃದಯದ ಮೇಲೆ ಆಹಾರದ ಕೊರತೆ ಮಾಡುವ ಪರಿಣಾಮವನ್ನೇ ಬಹುಮಂದಿ ನೋಡುತ್ತಿದ್ದಾಗ, ಮೆಕ್ಯಾರಿಸನ್ ಕರುಳನ್ನು ನೋಡಿದನು. ಅತಿಯಾದ ಉಷ್ಣದಿಂದ ಸತ್ತ್ವಹೀನವಾಗಿಸಿದ ಆಹಾರವನ್ನು ಕೋತಿಗಳಿಗೆ ಕೊಟ್ಟು, ಅವು ಸತ್ತಾಗ ಅಂಗಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ಮೊದಲು ಹಸಿವು ಇಂಗುತ್ತಿತ್ತು; ಆಮೇಲೆ ಭೇದಿ, ಅನೇಕ ವೇಳೆ ಆಮಶಂಕೆ. ಕರುಳಿನ ಗೋಡೆ ತೆಳ್ಳಗಾಗಿ, ಸ್ನಾಯು ಸೊರಗಿ, ದೊಡ್ಡ ಕರುಳು ಅಲ್ಲಲ್ಲಿ ಬಲೂನಿನಂತೆ ಉಬ್ಬಿರುತ್ತಿತ್ತು. ಒಳಪೊರೆ ರಕ್ತಗಟ್ಟಿ, ಅದನ್ನು ತೂರಿಕೊಂಡು ಸೂಕ್ಷ್ಮಜೀವಿಗಳು ದೇಹದೊಳಕ್ಕೆ ನುಗ್ಗಲು ದಾರಿಯಾಗುತ್ತಿತ್ತು. ಬೆರಿಬೆರಿ, ಸ್ಕರ್ವಿ ಎಂಬಂತಹ ಹೆಸರುಳ್ಳ ರೋಗಗಳು ತಲೆದೋರುವುದಕ್ಕೆ ಬಹಳ ಮುಂಚೆಯೇ ಹೆಸರಿಲ್ಲದ ಅಜೀರ್ಣದ ರೂಪದಲ್ಲಿ ಆಹಾರದೋಷವು ತನ್ನ ಇರವನ್ನು ಸಾರುತ್ತದೆ ಎಂಬುದು ಆತನ ಸಿದ್ಧಾಂತ. ೧೯೨೧ರಲ್ಲಿ ಪ್ರಕಟವಾದ ಆತನ ನ್ಯೂನತಾ ರೋಗಗಳ ಗ್ರಂಥದ ತಿರುಳು ಇದೇ ಆಗಿದೆ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸುವುದು ಅಗತ್ಯ. ತೌಡು ಮತ್ತು ನಾರಿನ ಮಹಿಮೆಯನ್ನು ಸಾರುವವರು ಕೂನೂರಿನ ಕೋತಿಗಳನ್ನು ಸಾಕ್ಷಿಗೆ ಕರೆಯುವುದುಂಟು. ಆದರೆ ಉಷ್ಣವು ಜೀವಸತ್ತ್ವಗಳನ್ನು ನಾಶಮಾಡುವುದೇ ಹೊರತು ನಾರನ್ನು ತೆಗೆದುಹಾಕುವುದಿಲ್ಲ. ಆದುದರಿಂದ ಆ ಪ್ರಯೋಗಗಳು ಜೀವಸತ್ತ್ವಗಳ ಕೊರತೆಯಿಂದ ಕರುಳು ಹೇಗೆ ಕೆಡುತ್ತದೆಂಬುದನ್ನು ತಿಳಿಸುತ್ತವೆಯೇ ಹೊರತು, ನಾರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೆಕ್ಯಾರಿಸನ್ ತಾನೂ ಹಾಗೆ ಹೇಳಿಕೊಂಡವನಲ್ಲ. ಜೀವಸತ್ತ್ವಗಳ ಮತ್ತು ಸಸಾರಜನಕದ ಕೊರತೆ, ಪಿಷ್ಟದ ಅತಿಶಯ, ಇವುಗಳನ್ನೇ ಆತನು ಕಾರಣವೆಂದು ಎಣಿಸಿದನು.

೧೯೨೩ರಲ್ಲಿ ಸರ್ಕಾರದ ಮಿತವ್ಯಯದ ಕತ್ತರಿಗೆ ಸಿಕ್ಕಿ ಈ ವಿಚಾರಣೆ ನಿಂತುಹೋಯಿತು; ೧೯೨೫ರಲ್ಲಿ ಮತ್ತೆ ಪ್ರಾರಂಭವಾಯಿತು. ಕೂನೂರಿನ ಅತ್ಯಂತ ಪ್ರಸಿದ್ಧವಾದ, ಹಾಗೂ ನನ್ನ ಮಟ್ಟಿಗೆ ಅತ್ಯಂತ ಚರ್ಚಾರ್ಹವಾದ, ಪ್ರಯೋಗ ನಡೆದುದು ಈ ಎರಡನೆಯ ಘಟ್ಟದಲ್ಲಿ. ಭಾರತದ ಏಳು ಜನವರ್ಗಗಳ ಊಟವನ್ನು ಏಳು ಗುಂಪು ಬಿಳಿ ಇಲಿಗಳಿಗೆ ಉಣಿಸಿ, ಅವುಗಳ ಬೆಳವಣಿಗೆಯನ್ನು ತೂಗಿ ನೋಡಲಾಯಿತು. ಸಿಖ್ಖರ ಊಟ ಮೊದಲನೆಯ ಸ್ಥಾನವನ್ನು ಪಡೆಯಿತು, ತರುವಾಯ ಪಠಾಣರು, ಮರಾಠರು, ಗೂರ್ಖರು, ಐದನೆಯವರು ಕನ್ನಡಿಗರು, ಬಂಗಾಳಿಗಳು ಆರನೆಯವರು, ಎಲ್ಲರಿಗಿಂತ ಕೆಳಗೆ ಮದರಾಸಿನವರು. ಇಡಿಗೋಧಿಯ ಚಪಾತಿ, ಬೆಣ್ಣೆ, ಹಾಲು, ಮೊಳಕೆ ಕಾಳು, ಹಸಿ ತರಕಾರಿ, ಆಗಾಗ ಮಾಂಸ ಇವುಗಳಿಂದ ಕೂಡಿದ ಸಿಖ್ಖರ ಊಟವನ್ನೇ ಪ್ರಯೋಗಶಾಲೆಯ ಮೂಲ ಸಂತತಿಯ ಇಲಿಗಳಿಗೂ ಕೊಡಲಾಗುತ್ತಿತ್ತು; ಅವು ವರ್ಷಗಟ್ಟಲೆ ರೋಗವಿಲ್ಲದೆ ಬಾಳಿದವು. ಇದಕ್ಕೆ ಪ್ರತಿಯಾಗಿ ಬಿಳಿಯ ರೊಟ್ಟಿ, ಮಾರ್ಗರೀನ್, ಸಿಹಿ ಚಹ, ಬೇಯಿಸಿದ ತರಕಾರಿ, ಡಬ್ಬಿಯ ಮಾಂಸ ಇವುಗಳಿಂದ ಕೂಡಿದ ಬಡ ಆಂಗ್ಲರ ಊಟವನ್ನು ಉಂಡ ಇಲಿಗಳು ಬಡಕಲಾಗಿ, ಕಡೆಗೆ ತಮ್ಮೊಳಗಿನ ದುರ್ಬಲರನ್ನು ಕೊಂದು ತಿನ್ನತೊಡಗಿದವು. ಆಳುವವರ ಊಟವನ್ನೂ ತಕ್ಕಡಿಗೆ ಹಾಕಿದ ಆತನ ನಿಷ್ಪಕ್ಷಪಾತವನ್ನು ಮೆಚ್ಚಲೇಬೇಕು.

ಈ ಅನುಕ್ರಮಣಿಕೆಯನ್ನು ಓದಿದವರಿಗೆ ಅಂದಿನ ಸೈನ್ಯ ಭರ್ತಿಯ ಪಟ್ಟಿ ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಸಿಖ್, ಪಠಾಣ, ಮರಾಠ, ಗೂರ್ಖ ಎಂಬ ಮೊದಲ ನಾಲ್ವರು ‘ಕ್ಷಾತ್ರ ಜನಾಂಗ’ಗಳೆಂದು ಬ್ರಿಟಿಷ್ ಸೇನೆ ಆರಿಸಿಕೊಂಡಿದ್ದವರು. ಮೆಕ್ಯಾರಿಸನನು ಈ ವರ್ಗೀಕರಣವನ್ನು ಪ್ರಶ್ನಿಸದೆ ಅಂಗೀಕರಿಸಿದನು. ಆದರೆ ಅದರ ತಳಹದಿಯನ್ನು ಮಾತ್ರ ಅಲುಗಿಸಿಬಿಟ್ಟನು. ಪಂಜಾಬಿನವನ ಮೈಕಟ್ಟು ರಕ್ತದಿಂದ ಬಂದುದಲ್ಲ, ಊಟದಿಂದ ಬಂದುದು. ಒಂದೇ ತಳಿಯ ಇಲಿಗಳಲ್ಲಿಯೇ ಈ ವ್ಯತ್ಯಾಸವನ್ನು ಉಂಟುಮಾಡಬಹುದು ಎಂಬುದು ಆತನ ಪ್ರಯೋಗದ ತಾತ್ಪರ್ಯ. ಜನಾಂಗವಾದವು ಪ್ರಬಲವಾಗಿದ್ದ ೧೯೨೦ರ ದಶಕದಲ್ಲಿ ಇದು ಸಣ್ಣ ಮಾತಲ್ಲ.

ಆದರೂ ‘ಕನ್ನಡಿಗರ ಊಟ’ವೆಂಬ ಪಂಜರದ ಚೀಟಿಯನ್ನು ನಾವು ಹಾಗೆಯೇ ಒಪ್ಪುವಂತಿಲ್ಲ. ೧೯೫೬ರ ಏಕೀಕರಣಕ್ಕೆ ಮುಂಚೆ ಕನ್ನಡ ಮಾತನಾಡುವವರು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ನಿಜಾಮನ ಸೀಮೆ, ಕೊಡಗು ಎಂದು ಹಂಚಿಹೋಗಿದ್ದರು. ವಿಜಾಪುರದವನದು ಜೋಳದ ರೊಟ್ಟಿ, ಕೋಲಾರದವನದು ರಾಗಿಯ ಮುದ್ದೆ, ಮಂಗಳೂರಿನವನದು ಕುಚ್ಚಲಕ್ಕಿಯ ಗಂಜಿ, ಮಲೆನಾಡಿನವನದು ಅನ್ನ. ಒಂದೇ ಊರಿನಲ್ಲಿಯೂ ಉಳ್ಳವನ ಎಲೆ ಬೇರೆ, ಆಳಿನ ತಟ್ಟೆ ಬೇರೆ. ಇವೆಲ್ಲವನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಇಲಿಯ ಮುಂದಿಟ್ಟರೆ, ತೂಕ ಸಿಕ್ಕೀತು, ಕನ್ನಡಿಗನು ಸಿಕ್ಕುವುದಿಲ್ಲ.

ಮೆಕ್ಯಾರಿಸನ್ ಮತ್ತು ಆತನ ಸಹೋದ್ಯೋಗಿ ನಾರಿಸ್ ೧೯೨೪ರಲ್ಲಿ ಪ್ರಕಟಿಸಿದ ಬೆರಿಬೆರಿಯ ಸಮೀಕ್ಷೆ ಇದಕ್ಕಿಂತ ಇತಿಹಾಸಕಾರನಿಗೆ ಹತ್ತಿರವಾದುದು. ಈ ರೋಗವು ಮದರಾಸು ಪ್ರಾಂತದ ಉತ್ತರ ಸರ್ಕಾರುಗಳಲ್ಲಿ, ಎಂದರೆ ತೆಲುಗು ಕರಾವಳಿಯಲ್ಲಿ, ಬೇರೂರಿತ್ತು. ಅಲ್ಲಿಯವರು ಉಣ್ಣುತ್ತಿದ್ದುದು ಕುದಿಸದ ಭತ್ತದಿಂದ ಮಾಡಿದ ಗಿರಣಿಯ ಅಕ್ಕಿ. ಭತ್ತವನ್ನು ನೆನೆಯಿಸಿ, ಕುದಿಸಿ, ಒಣಗಿಸಿ, ಆಮೇಲೆ ಕುಟ್ಟುವ ಪದ್ಧತಿಯಿದ್ದೆಡೆಗಳಲ್ಲಿ ರೋಗ ವಿರಳ. ಹಾಗೆ ಕುದಿಸುವಾಗ ಹೊರಪದರದ ಬಿ ಜೀವಸತ್ತ್ವ ಕಾಳಿನ ಒಡಲೊಳಕ್ಕೆ ಇಳಿದು, ಗಿರಣಿಗೆ ಹಾಕಿದರೂ ತಕ್ಕಮಟ್ಟಿಗೆ ಉಳಿಯುತ್ತದೆ. ದಕ್ಷಿಣ ಕನ್ನಡದ ಕುಚ್ಚಲಕ್ಕಿ ಈ ಜಾತಿಯದು. ಆದರೆ ಕುಚ್ಚಲಕ್ಕಿಯನ್ನೂ ಗಿರಣಿಯಲ್ಲಿ ನುಣ್ಣಗೆ ಉಜ್ಜಿದರೆ ಅದರ ನಾರು ತೌಡಿನ ಜೊತೆಗೆ ಹೋಗುತ್ತದೆ. ನರಗಳು ಉಳಿದರೂ ಕರುಳಿಗೆ ಆದ ನಷ್ಟ ತುಂಬುವುದಿಲ್ಲ. ಈ ಎರಡು ಲಾಭನಷ್ಟಗಳನ್ನು ಬೇರೆಬೇರೆಯಾಗಿ ಎಣಿಸಬೇಕೆಂಬುದು ಅಂದಿನವರಿಗೆ ತೋಚಿರಲಿಲ್ಲ.

ಗಿರಣಿಯನ್ನು ದೂರುವುದು ಸುಲಭ. ಒನಕೆಯನ್ನು ಹಿಡಿಯುತ್ತಿದ್ದ ಕೈ ಯಾರದೆಂಬುದನ್ನು ನೆನೆದರೆ ಆ ದೂರು ಸ್ವಲ್ಪ ತಗ್ಗುತ್ತದೆ. ಬೆಳಗಿನ ಜಾವದಲ್ಲಿ ಎದ್ದು ಭತ್ತ ಕುಟ್ಟುತ್ತಿದ್ದ ಹೆಂಗಸಿಗೆ ಗಿರಣಿ ಬಿಡುಗಡೆಯನ್ನು ತಂದಿತು. ಕೂಲಿಗೆ ಕುಟ್ಟುತ್ತಿದ್ದ ಬಡವೆಗೆ ಅದೇ ಗಿರಣಿ ಅನ್ನವನ್ನು ಕಸಿದುಕೊಂಡಿತು. ೧೯೩೪ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಕುಟ್ಟಿನ ಅಕ್ಕಿಯ ಪರವಾಗಿ ಪ್ರಚಾರ ಕೈಕೊಂಡಿತು. ಸ್ವಾತಂತ್ರ್ಯಾನಂತರ ೧೯೫೮ರಲ್ಲಿ ಅಕ್ಕಿಯ ಗಿರಣಿಗಳ ನಿಯಂತ್ರಣಕ್ಕೆ ಕೇಂದ್ರ ಶಾಸನವೂ ಬಂದಿತು. ೧೯೯೭ರಲ್ಲಿ ಅದು ರದ್ದಾಯಿತು. ಬಿಳಿಯ ಅಕ್ಕಿಗೆ ಶಾಸನಕ್ಕಿಂತ ಬಲವಾದ ಆಸರೆಗಳಿದ್ದವು: ತೌಡಿನ ಎಣ್ಣೆ ಕಮಟದೆ ಅಕ್ಕಿ ಬಹುಕಾಲ ಕೆಡದೆ ನಿಲ್ಲುತ್ತಿತ್ತು, ಬೇಗ ಬೇಯುತ್ತಿತ್ತು, ನೋಡುವವರ ಕಣ್ಣಿಗೆ ಗೌರವವಾಗಿ ಕಾಣುತ್ತಿತ್ತು.

ಈ ಗೌರವದ ಮಾತು ನಮ್ಮ ನಾಡಿನಲ್ಲಿ ಹಳೆಯದು. ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತವೂ ರಾಗಿಯೂ ಶ್ರೇಷ್ಠತೆಗಾಗಿ ಜಗಳವಾಡುತ್ತವೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ರಾಗಿ ಸೊರಗದೆ ಹೊರಬಂದು ಆತನ ಹೆಸರನ್ನೇ ಪಡೆಯುತ್ತದೆ. ಕುಲದ ಮೇಲುಕೀಳನ್ನು ಕುರಿತ ಕಾವ್ಯವೆಂದು ವಿದ್ವಾಂಸರು ಇದನ್ನು ಸರಿಯಾಗಿಯೇ ವಿವರಿಸಿದ್ದಾರೆ. ಕಣಜದ ಅನುಭವವೂ ಅದರಲ್ಲಿದೆಯೆಂದು ನನಗೆ ತೋರುತ್ತದೆ. ಹುಳು ಹಿಡಿಯದೆ ವರ್ಷಗಟ್ಟಲೆ ನಿಲ್ಲುವ ಕಾಳನ್ನು ಬಲ್ಲವರೇ ಈ ಕಥೆಯನ್ನು ಕಟ್ಟಬಲ್ಲರು. ರಾಗಿಗೆ ಇನ್ನೊಂದು ಗುಣವೂ ಉಂಟು. ಅದರ ಹೊರಸಿಪ್ಪೆ ಮೃದುವಾದ ಒಳತಿರುಳಿಗೆ ಬಲವಾಗಿ ಅಂಟಿಕೊಂಡಿರುವುದರಿಂದ ಅಕ್ಕಿಯಂತೆ ಅದನ್ನು ಉಜ್ಜಲಾಗುವುದಿಲ್ಲ. ಉಜ್ಜಹೋದರೆ ಕಾಳೇ ಪುಡಿಯಾಗುತ್ತದೆ. ಬಡವನು ರಾಗಿಯನ್ನು ಇಡಿಯಾಗಿ ಬೀಸಿಕೊಂಡು ಉಂಡುದು ಪಥ್ಯದ ಜ್ಞಾನದಿಂದಲ್ಲ, ಕಾಳಿನ ಈ ಹಟದಿಂದ. ಅತಿಥಿಗೆ ಅನ್ನ, ಮನೆಯವರಿಗೆ ಮುದ್ದೆ ಎಂಬ ಮರ್ಯಾದೆ ಹಳೆಯ ಮೈಸೂರು ಸೀಮೆಯಲ್ಲಿ ನಡೆಯುತ್ತಿದ್ದಾಗ, ಕರುಳಿನ ಲೆಕ್ಕದಲ್ಲಿ ಅತಿಥಿಯೇ ನಷ್ಟ ಹೊಂದುತ್ತಿದ್ದನು.

ಕರುಳಿನ ಲೆಕ್ಕವೆಂದರೇನೆಂಬುದು ತಿಳಿದುದು ಮೆಕ್ಯಾರಿಸನನ ಕಾಲಾನಂತರ. ತಿರುವಾಂಕೂರಿನಲ್ಲಿ ಜಠರದ ಮತ್ತು ಸಣ್ಣ ಕರುಳಿನ ಹುಣ್ಣು ವಿಪರೀತವಾಗಿದ್ದುದನ್ನು ನೆಯ್ಯೂರಿನ ಶಸ್ತ್ರವೈದ್ಯ ಸಾಮರ್ವೆಲ್ ಕಂಡಿದ್ದನು. ಮರಗೆಣಸು ಪ್ರಧಾನವಾದ ಅಲ್ಲಿಯ ಊಟವನ್ನು ಕೂನೂರಿನ ಇಲಿಗಳಿಗೆ ಕೊಟ್ಟಾಗ ಅನೇಕ ಇಲಿಗಳಲ್ಲಿ ಹುಣ್ಣು ಕಾಣಿಸಿತು. ಪ್ರಶ್ನೆ ಇತ್ಯರ್ಥವಾಯಿತೆಂದು ತೋರಿತು. ೧೯೮೨ರಲ್ಲಿ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಜಠರದಲ್ಲಿ ನೆಲಸುವ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯನ್ನು ಗುರುತಿಸಿದ ಮೇಲೆ ಆ ತೀರ್ಮಾನವನ್ನು ಬಹುಮಟ್ಟಿಗೆ ತಿದ್ದಬೇಕಾಯಿತು. ನಾರಿನ ವಿಷಯದಲ್ಲಿಯಾದರೋ ಕಾಲವು ಹಳೆಯ ಊಹೆಯನ್ನು ಬಲಪಡಿಸಿತು. ಪೂರ್ವ ಆಫ್ರಿಕದಲ್ಲಿ ಕೆಲಸಮಾಡಿದ್ದ ಬರ್ಕಿಟ್ ಮತ್ತು ಸಂಗಡಿಗರು, ಇಡಿಧಾನ್ಯವನ್ನು ಉಣ್ಣುವ ಆಫ್ರಿಕದ ಹಳ್ಳಿಗರಲ್ಲಿ ಆಹಾರವು ಕರುಳನ್ನು ದಾಟುವ ಅವಧಿ ಆಂಗ್ಲರಿಗಿಂತ ಬಹಳ ಕಡಿಮೆಯೆಂದು ೧೯೭೨ರಲ್ಲಿ ತೋರಿಸಿದರು. ನಾರು ಕರುಳಿನ ಕಸವನ್ನು ಗುಡಿಸುವ ಪೊರಕೆ ಮಾತ್ರವಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದರಲ್ಲಿ ಕೆಲವಂಶವನ್ನು ಹುದುಗಿಸಿ ಉತ್ಪಾದಿಸುವ ಬ್ಯೂಟಿರೇಟ್ ಮೊದಲಾದ ಆಮ್ಲಗಳು ಕರುಳಿನ ಒಳಪೊರೆಗೇ ಆಹಾರವಾಗುತ್ತವೆ ಎಂಬುದು ಈಗ ಸ್ಥಾಪಿತವಾಗಿದೆ. ೧೯೨೧ರಲ್ಲಿ ಕರುಳಿನ ಗೋಡೆಯನ್ನು ನೋಡುತ್ತ ಕುಳಿತಿದ್ದವನಿಗೆ, ಅದರೊಳಗೆ ಬಾಳುವ ಈ ಬಾಡಿಗೆದಾರರು ಶತ್ರುಗಳಾಗಿ ಮಾತ್ರ ಕಂಡಿದ್ದರು.

ಮೆಕ್ಯಾರಿಸನ್ ೧೯೩೫ರಲ್ಲಿ ನಿವೃತ್ತನಾಗಿ, ೧೯೬೦ರಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡನು. ಪ್ರಯೋಗಶಾಲೆ ೧೯೫೮ರಲ್ಲಿ ಕೂನೂರನ್ನು ಬಿಟ್ಟು ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದೇ. ಆ ಸಂಸ್ಥೆ ೨೦೧೭ರಲ್ಲಿ ಹೊರತಂದ ಆಹಾರಾಂಶಗಳ ಕೋಷ್ಟಕವನ್ನು ಬಿಡಿಸಿ ನೋಡಿದರೆ, ೧೦೦ ಗ್ರಾಂ ಗಿರಣಿಯ ಅಕ್ಕಿಯಲ್ಲಿ ನಾರು ೩ ಗ್ರಾಂಗಿಂತ ಕಡಿಮೆ. ಇಡಿಗೋಧಿಯ ಹಿಟ್ಟಿನಲ್ಲಿ ಸುಮಾರು ೧೧ ಗ್ರಾಂ. ರಾಗಿಯಲ್ಲಿಯೂ ಸುಮಾರು ೧೧ ಗ್ರಾಂ. ಸಿಖ್ಖರ ಪಂಜರಕ್ಕೆ ಹೋದ ಹಾಲು ಬೆಣ್ಣೆಗಳು ಕೋಲಾರದ ಆಳಿನ ಮನೆಯಲ್ಲಿ ಇರಲಿಲ್ಲ. ಮೈತೂಕದ ಅಂತರಕ್ಕೆ ಅದು ತಕ್ಕ ಕಾರಣವೇ. ಧಾನ್ಯವೊಂದನ್ನೇ ಹಿಡಿದು ನೋಡಿದರೆ ಮೊದಲನೆಯ ಸ್ಥಾನದವನೂ ಐದನೆಯ ಸ್ಥಾನದವನೆಂದು ಚೀಟಿ ಅಂಟಿಸಿಕೊಂಡ ಮುದ್ದೆಯವನೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು. ಈಚೆಗೆ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ ರಾಗಿಯನ್ನು ಹಬೆಯಲ್ಲಿ ಬೇಯಿಸಿ ಗಟ್ಟಿಗೊಳಿಸಿ, ಕಾಳು ಒಡೆಯದಂತೆ ಸಿಪ್ಪೆ ತೆಗೆಯುವ ವಿಧಾನವನ್ನು ಕಂಡುಹಿಡಿದಿದ್ದಾರೆ; ಅಕ್ಕಿಯಂತೆ ಅದನ್ನು ಬೇಯಿಸಿ ಉಣ್ಣಬಹುದು.