ಗೆಣಸು: ಹಳೆಯ ಹೆಸರು, ಹೊಸ ಗೆಡ್ಡೆ

ಹಳಗನ್ನಡ ಮತ್ತು ನಡುಗನ್ನಡ ಕಾವ್ಯಗಳಲ್ಲಿ ವನವಾಸ, ಋಷ್ಯಾಶ್ರಮ, ಬೇಡರ ಬೀಡುಗಳ ವರ್ಣನೆ ಬಂದಾಗ ಕಂದಮೂಲಗಳ ಪ್ರಸ್ತಾಪವೂ ಬರುವುದುಂಟು. ವಿದ್ಯಾರ್ಥಿಗಳು ಪುಸ್ತಕದ ಅಂಚಿನಲ್ಲಿ ‘ಗೆಡ್ಡೆಗೆಣಸು’ ಎಂದು ಅರ್ಥ ಬರೆದುಕೊಳ್ಳುತ್ತಾರೆ. ಅರ್ಥದಲ್ಲಿ ದೋಷವಿಲ್ಲ. ಆದರೆ ಆ ಶಬ್ದವನ್ನು ಬರೆಯುವಾಗ ಮನಸ್ಸಿನಲ್ಲಿ ಮೂಡುವ ಚಿತ್ರ ಯಾವುದು? ಸಂಕ್ರಾಂತಿಯ ಸಂತೆಯಲ್ಲಿ ರಾಶಿ ಹಾಕಿರುವ, ಕೆಂಪು ಸಿಪ್ಪೆಯ, ಬೇಯಿಸಿದರೆ ಸಿಹಿಯಾಗುವ ಗೆಣಸು. ಈ ಚಿತ್ರ ಮಾತ್ರ ಸರಿಯಲ್ಲ. ಪಂಪ, ರನ್ನ, ಹರಿಹರ, ಕುಮಾರವ್ಯಾಸ ಇವರಲ್ಲಿ ಯಾರೊಬ್ಬರೂ ಈ ಗೆಡ್ಡೆಯನ್ನು ಕಂಡವರಲ್ಲ. ಸಿಹಿಗೆಣಸು ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸನ ಹಡಗುಗಳು ಆ ದಡ ಮುಟ್ಟಿದ ಮೇಲೆ ಅದು ಯುರೋಪನ್ನು ಸೇರಿತು. ಭಾರತಕ್ಕೆ ಬಂದದ್ದು 16ನೆಯ ಶತಮಾನದಲ್ಲಿ, ಪೋರ್ಚುಗೀಸರ ಕಡಲದಾರಿಯಿಂದ.

ಹಾಗಾದರೆ ‘ಗೆಣಸು’ ಎಂಬ ಅಚ್ಚಗನ್ನಡದ ಹೆಸರು ಅದಕ್ಕೆ ಬಂದುದು ಹೇಗೆ? ಹೊರಗಿನಿಂದ ಬಂದ ಸಸ್ಯಗಳಿಗೆ ಕನ್ನಡವು ಒಂದೇ ರೀತಿಯಲ್ಲಿ ಹೆಸರಿಟ್ಟಿಲ್ಲ. ಅನಾನಸು ತನ್ನ ಅಮೆರಿಕದ ಹೆಸರನ್ನು ಹೊತ್ತುಕೊಂಡೇ ಬಂದಿತು. ನಮ್ಮ ತುಮಕೂರು ಸೀಮೆಯ ‘ಪರಂಗಿಹಣ್ಣು’ ತಾನು ಫರಂಗಿಯವರ ಹಣ್ಣೆಂದು ಹೆಸರಿನಲ್ಲಿಯೇ ಒಪ್ಪಿಕೊಂಡಿದೆ. ಸೀಮೆಬದನೆ, ಸೀಮೆಹುಣಸೆಗಳಲ್ಲಿ ‘ಸೀಮೆ’ ಎಂಬ ಮಾತು ಅದೇ ಕೆಲಸ ಮಾಡುತ್ತದೆ. ಮೂರನೆಯ ಬಗೆ ಹೆಚ್ಚು ಕುತೂಹಲಕರ. ಇಲ್ಲಿ ಹೊಸ ವಸ್ತುವು ಹಳೆಯ ವಸ್ತುವಿನ ಹೆಸರನ್ನೇ ಪಡೆದುಕೊಳ್ಳುತ್ತದೆ. ಮೆಣಸು ಇದಕ್ಕೆ ಎಲ್ಲರಿಗೂ ತಿಳಿದ ನಿದರ್ಶನ. ಬಳ್ಳಿಯ ಮೆಣಸಿನಿಂದ ಗಿಡದ ‘ಮೆಣಸಿನಕಾಯಿ’ ಹೆಸರು ಪಡೆಯಿತು. ಬಳಿಕ ಹಳೆಯ ಮೆಣಸೇ ‘ಕರಿಮೆಣಸು’, ‘ಕಾಳುಮೆಣಸು’ ಎಂಬ ವಿಶೇಷಣ ಹಚ್ಚಿಕೊಂಡು ಪಕ್ಕಕ್ಕೆ ಸರಿಯಬೇಕಾಯಿತು. ಕಡಲೆಯ ಹೆಸರನ್ನು ಕಡಲೆಕಾಯಿ ಹೊತ್ತುದೂ ಹೀಗೆಯೇ. ಪಾವಗಡ, ಮಧುಗಿರಿ, ಸಿರಾಗಳ ಕೆಂಪು ಹೊಲಗಳಲ್ಲಿ ಇಂದು ಕಣ್ಣು ಹಾಯುವಷ್ಟು ದೂರ ಕಾಣುವ ಕಡಲೆಕಾಯಿಯೂ ಗೆಣಸಿನಂತೆ ಅಮೆರಿಕದಿಂದಲೇ ಬಂದದ್ದು. ಸಂಕ್ರಾಂತಿಯ ದಿನ ನಮ್ಮಲ್ಲಿ ಅವರೆಕಾಯಿ, ಕಡಲೆಕಾಯಿ, ಗೆಣಸು ಮೂರನ್ನೂ ಬೇಯಿಸುತ್ತಾರೆ. ಈ ಮೂರರಲ್ಲಿ ಅವರೆಯೊಂದೇ ಅಮೆರಿಕದಿಂದ ಬಂದದ್ದಲ್ಲ.

ಗೆಣಸಿನ ವಿಷಯದಲ್ಲಿ ಹಳೆಯ ಒಡೆಯ ಯಾರೆಂಬುದನ್ನು ಭಾಷೆಯೇ ತಿಳಿಸುತ್ತದೆ. ಕಾಡುಗೆಣಸು, ಹೆಗ್ಗೆಣಸು, ಮುಳ್ಳುಗೆಣಸು ಎಂಬ ಹೆಸರುಗಳು ಮರಕ್ಕೆ ಹಬ್ಬುವ ಬೇರೊಂದು ಕುಲದ ಬಳ್ಳಿಗಳ ಗೆಡ್ಡೆಗಳಿಗೆ ಸಲ್ಲುತ್ತವೆ. ಸಸ್ಯಶಾಸ್ತ್ರಜ್ಞರು ಆ ಕುಲವನ್ನು ಡಯಾಸ್ಕೋರಿಯ ಎನ್ನುತ್ತಾರೆ. ಸಿಹಿಗೆಣಸಾದರೋ ನೆಲದ ಮೇಲೆ ಹಂಬು ಹರಿಸುವ, ತುತ್ತೂರಿಯಾಕಾರದ ಹೂ ಬಿಡುವ ಬೇರೆಯದೇ ಕುಟುಂಬದ್ದು. ಎರಡಕ್ಕೂ ರಕ್ತಸಂಬಂಧವಿಲ್ಲ. ‘ಸಿಹಿ’ ಎಂಬ ವಿಶೇಷಣವನ್ನು ಗಮನಿಸಬೇಕು. ಗೆಣಸೆಂದರೆ ಮೊದಲಿನಿಂದಲೂ ಇದೇ ಆಗಿದ್ದರೆ ಅದನ್ನು ಸಿಹಿಗೆಣಸೆಂದು ಬೇರ್ಪಡಿಸುವ ಅಗತ್ಯವೇ ಇರುತ್ತಿರಲಿಲ್ಲ. ನೆರೆಯ ಭಾಷೆಗಳೂ ಹೀಗೆಯೇ ನಡೆದುಕೊಂಡಿವೆ. ತಮಿಳಿನಲ್ಲಿ ‘ವಳ್ಳಿ’ ಎಂಬುದು ಕಾಡುಬಳ್ಳಿಯ ಗೆಡ್ಡೆಗಿದ್ದ ಹಳೆಯ ಹೆಸರು. ಹೊಸತು ‘ಸರ್ಕರೈವಳ್ಳಿ’, ಅಂದರೆ ಸಕ್ಕರೆಯ ವಳ್ಳಿ. ಮಲಯಾಳದಲ್ಲಿ ಅದು ‘ಮಧುರಕ್ಕಿೞಙ್ಙು’. ಹಿಂದಿ, ಉರ್ದುಗಳ ‘ಶಕರಕಂದ’ವೂ ಸಕ್ಕರೆಯ ಗೆಡ್ಡೆಯೇ. ಒಂದು ಭಾಷೆ ಮತ್ತೊಂದನ್ನು ಕೇಳಿ ಹೀಗೆ ಹೆಸರಿಸಿತೆಂದು ಊಹಿಸಬೇಕಾಗಿಲ್ಲ. ನಾಲಗೆಗೆ ತಾಕಿದ ಮೊದಲ ವ್ಯತ್ಯಾಸವೇ ಎಲ್ಲೆಡೆಯೂ ವಿಶೇಷಣವಾಯಿತು.

ಈ ನಾಲ್ಕು ತಾಲ್ಲೂಕುಗಳು ಇಂತಹ ಅಧ್ಯಯನಕ್ಕೆ ಹೇಳಿ ಮಾಡಿಸಿದ ನೆಲ. ಪಾವಗಡವನ್ನು ಆಂಧ್ರದ ಊರುಗಳು ಹೆಚ್ಚುಕಡಿಮೆ ಸುತ್ತುವರಿದಿವೆ. ಅಲ್ಲಿಯ ತೆಲುಗಿನಲ್ಲಿ ಇದು ‘ಗೆನುಸುಗಡ್ಡ’. ಕರಾವಳಿ ಆಂಧ್ರದ ‘ಚಿಲಗಡದುಂಪ’ಕ್ಕಿಂತ ರಾಯಲಸೀಮೆಯ ಈ ಮಾತು ನಮ್ಮ ಗೆಣಸಿಗೆ ಹತ್ತಿರದ್ದೆಂಬುದು ಸ್ಪಷ್ಟ. ಸಿರಾ 17ನೆಯ ಶತಮಾನದ ಮೊದಲರ್ಧದಲ್ಲಿ ಬಿಜಾಪುರದವರ ಕೈಸೇರಿ, 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿ, ನಡುವೆ ಮರಾಠರ ಆಳ್ವಿಕೆಯನ್ನೂ ಕಂಡ ಪಟ್ಟಣ. ಉರ್ದುವಿನ ಶಕರಕಂದವನ್ನೂ ಮರಾಠಿಯ ‘ರತಾಳೆ’ಯನ್ನೂ ಅದು ಕೇಳಿರಬೇಕು. ಮಧುಗಿರಿ ಮತ್ತು ಕೊರಟಗೆರೆಗಳ ಕನ್ನಡದಲ್ಲಾದರೋ ವಿಶೇಷಣವೂ ಉದುರಿಹೋಗಿದೆ. ಇಲ್ಲಿ ಸಂತೆಗೆ ಹೋದವರು ‘ಸಿಹಿಗೆಣಸು ಕೊಡಿ’ ಎನ್ನುವುದಿಲ್ಲ. ‘ಗೆಣಸು’ ಎಂದರೆ ಸಾಕು. (ಊರಿನ ಹೆಸರೂ ಬದಲಾಗದೆ ಉಳಿದಿಲ್ಲ. ಮೈಸೂರು ಸಂಸ್ಥಾನದ ಹಳೆಯ ಗೆಜೆಟಿಯರುಗಳಲ್ಲಿ ಇಂದಿನ ಮಧುಗಿರಿ ‘ಮದ್ದಗಿರಿ’ಯಾಗಿದೆ. ಅಲ್ಲಿ ಬಂಡೆ ಹಾಗೆಯೇ ಇದ್ದು ಹೆಸರು ಬದಲಾಯಿತು. ಗೆಣಸಿನಲ್ಲಿ ಆದದ್ದು ಇದರ ವಿಪರ್ಯಯ.)

ಹಳೆಯ ಅರ್ಥ ಪೂರ್ತಿಯಾಗಿ ಅಳಿದಿಲ್ಲ. ‘ಗೆಡ್ಡೆಗೆಣಸು’ ಎಂಬ ಜೋಡುನುಡಿಯಲ್ಲಿ ಅದು ಇನ್ನೂ ಜೀವಂತವಾಗಿದೆ. ‘ಗೆಡ್ಡೆಗೆಣಸು ತಿಂದು ಬದುಕಿದರು’ ಎಂದಾಗ ನಾವು ಯಾವುದೇ ಒಂದು ಬೆಳೆಯನ್ನು ಹೇಳುತ್ತಿಲ್ಲ. ಅಗೆದು ತಿನ್ನಬಹುದಾದುದನ್ನೆಲ್ಲ ಹೇಳುತ್ತಿದ್ದೇವೆ. ಕೇರಳದ ಕಡೆಯಿಂದ ಪರಿಚಿತವಾದ, ಅದೂ ಅಮೆರಿಕ ಮೂಲದ್ದೇ ಆದ ‘ಮರಗೆಣಸು’ ಎಂಬ ಹೆಸರು ಹುಟ್ಟಿದ್ದೂ ಗೆಣಸಿಗೆ ಈ ಸಾಮಾನ್ಯಾರ್ಥ ಉಳಿದಿದ್ದರಿಂದಲೇ.

ಹೆಸರು ಹೀಗೆ ಸದ್ದಿಲ್ಲದೆ ಕೈಬದಲಾಗಲು ಅಡುಗೆಯೇ ಕಾರಣವೆಂದು ನನ್ನ ಎಣಿಕೆ. ಕಾಡುಗೆಣಸಿನ ಗೆಡ್ಡೆ ಆಳಕ್ಕಿಳಿಯುತ್ತದೆ. ಹಾರೆ ಹಿಡಿದು ಹೊತ್ತುಗಟ್ಟಲೆ ಅಗೆಯಬೇಕು. ಕೆಲವು ಜಾತಿಗಳ ಕಹಿಯನ್ನೂ ನಂಜನ್ನೂ ಕಳೆಯಲು ಹೆಚ್ಚಿ, ನೀರಿನಲ್ಲಿ ನೆನೆಸಿ, ಮತ್ತೆ ಮತ್ತೆ ಬೇಯಿಸಿ ಬಸಿಯಬೇಕು. ಹೊಸ ಗೆಣಸಿಗೆ ಈ ಪಾಡಿಲ್ಲ. ಹಂಬನ್ನು ತುಂಡರಿಸಿ ಬದುವಿನ ಮೇಲೆ ನೆಟ್ಟರೆ ಸುಮಾರು ನಾಲ್ಕು ತಿಂಗಳಲ್ಲಿ ಕೈಗೆಟಕುವ ಆಳದಲ್ಲಿಯೇ ಗೆಡ್ಡೆ ಕೂಡುತ್ತದೆ. ಆದರೆ ಬೇಯಿಸುವ ಕ್ರಮ ಎರಡಕ್ಕೂ ಒಂದೇ: ಕೆಂಡದ ಬೂದಿಯಲ್ಲಿ ಹೂತು ಸುಡುವುದು, ಇಲ್ಲವೇ ಮಡಕೆಯಲ್ಲಿ ಸ್ವಲ್ಪ ನೀರಿಟ್ಟು ಬಾಯಿ ಮುಚ್ಚಿ ಹಬೆಯಲ್ಲಿ ಬೇಯಿಸುವುದು. ಒಲೆ ಅದೇ, ಮಡಕೆ ಅದೇ, ಉಣ್ಣುವ ಹೊತ್ತೂ ಅದೇ. ಹೆಸರನ್ನು ಬದಲಿಸಬೇಕೆಂದು ಅಡುಗೆಮನೆಗೆ ತೋರಲಿಲ್ಲ.

ಸುಟ್ಟ ಗೆಣಸು ದನಕುರಿ ಕಾಯುವವರ ತಿನಿಸು. ಅದಕ್ಕೆ ಉಪ್ಪೂ ಬೇಡ. ಬೇಯಿಸಿದ್ದಕ್ಕೆ ಬೆಲ್ಲ, ಕಾಯಿತುರಿ ಕಲಸಿದರೆ ಅದೇ ಶಿವರಾತ್ರಿಯ ಫಲಾಹಾರ. ಹೋಳು ಮಾಡಿ ತೊಗರಿಬೇಳೆಯೊಡನೆ ಹುಳಿ ಮಾಡುತ್ತಾರೆ. ಅವರೆಕಾಳಿನ ಸಾರಿಗೂ ಹಾಕುತ್ತಾರೆ, ಮುದ್ದೆಗೆ ಒಗ್ಗುವಂತೆ ಆಗ ಖಾರವನ್ನು ತುಸು ಮುಂದೆ ಮಾಡಬೇಕು. ತೆಳ್ಳಗೆ ಹೆಚ್ಚಿ ಬಜ್ಜಿಗೆ ಅದ್ದುವುದೂ ಉಂಟು. ಇವೆಲ್ಲಕ್ಕಿಂತ ಮೇಲಿನದು ಗೆಣಸಿನ ಒಬ್ಬಟ್ಟು. ಬೇಯಿಸಿ, ಸಿಪ್ಪೆ ಸುಲಿದು, ನಾರು ತೆಗೆದು ಹಿಸುಕಿ, ಬೆಲ್ಲ ಏಲಕ್ಕಿ ಸೇರಿಸಿ ಒಲೆಯ ಮೇಲೆ ಮಗುಚುತ್ತಾ ನೀರಿನಂಶ ಆರಿಸಿ ಹೂರಣ ಮಾಡಬೇಕು. ಗೆಣಸು ತಾನೇ ಸಿಹಿಯಾದುದರಿಂದ ಬೆಲ್ಲ ಹೆಚ್ಚಾದರೆ ಹೂರಣ ಸಡಿಲವಾಗಿ ಕಣಕ ಹರಿಯುತ್ತದೆ. ಬೇಳೆ ಒಬ್ಬಟ್ಟಿನ ಅಭ್ಯಾಸವಿದ್ದವರು ಎಡವುವುದು ಇಲ್ಲಿಯೇ.

ಹೆಸರಿನ ಬಲವೆಷ್ಟು ಎಂಬುದನ್ನು ನೋಡಬೇಕಾದರೆ ಶ್ರಾದ್ಧದ ಅಡುಗೆಗೆ ಹೋಗಬೇಕು. ಸಂಪ್ರದಾಯಸ್ಥ ಬ್ರಾಹ್ಮಣ ಮನೆಗಳಲ್ಲಿ ಆ ದಿನ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮ್ಯಾಟೊ, ಎಲೆಕೋಸು ವರ್ಜ್ಯ, ಖಾರಕ್ಕೆ ಕರಿಮೆಣಸು. ಕಡಲಾಚೆಯಿಂದ ಬಂದ ತರಕಾರಿಗಳನ್ನು ಹೊರಗಿಟ್ಟ ಈ ಪಟ್ಟಿ, ಪೋರ್ಚುಗೀಸಪೂರ್ವ ಅಡುಗೆಮನೆಯ ಒಂದು ದಾಖಲೆಯಂತಿದೆ. ಆದರೆ ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆಗಳ ಸಾಲಿನಲ್ಲಿ ಗೆಣಸಿಗೆ ಜಾಗವಿದೆ! ಆಲೂಗೆಡ್ಡೆ ಬಾಗಿಲ ಹೊರಗೆ ನಿಂತಿತು. ಅದರಷ್ಟೇ ಪರದೇಶಿಯಾದ ಗೆಣಸು ಹಳೆಯ ಗೆಣಸಿನ ಹೆಸರು ಹೇಳಿಕೊಂಡು ಒಳಗೆ ಹೋಯಿತು. ಉಪವಾಸದ ಫಲಾಹಾರದಲ್ಲಿ ಅದು ಸಲ್ಲುವುದೂ ‘ಕಂದಮೂಲ’ದ ಉತ್ತರಾಧಿಕಾರದಿಂದಲೇ.

ಜೈನ ಆಚಾರದಲ್ಲಿ ಹೆಸರಿನಿಂದ ಈ ಕೆಲಸ ಆಗಲಿಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಮೂಲಂಗಿಯನ್ನೂ ಹಸಿಶುಂಠಿಯನ್ನೂ ಹೆಸರಿಸಿ ಬಿಡಹೇಳುತ್ತದೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇನ್ನೂ ಮುಂದೆ ಹೋಗಿ, ಅನಂತ ಜೀವಗಳಿಗೆ ಒಂದೇ ಒಡಲಾಗಿರುವ ವನಸ್ಪತಿಯ ಲಕ್ಷಣಗಳನ್ನೇ ಹೇಳಿದ್ದಾರೆ: ನರ, ಸಂಧಿ, ಗಿಣ್ಣುಗಳು ಹೊರಗೆ ಕಾಣದಿರುವುದು, ಮುರಿದರೆ ಸಮವಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಚಿಗುರುವುದು. ಇಲ್ಲಿ ಪಟ್ಟಿಗಿಂತ ಪರೀಕ್ಷೆಗೆ ಪ್ರಾಶಸ್ತ್ಯ. ಆದ್ದರಿಂದ ಆರು ಶತಮಾನಗಳ ಅನಂತರ ಬಂದ, ಗ್ರಂಥಕಾರರು ಕಾಣದೇ ಇದ್ದ, ಹಂಬು ಕಡಿದು ನೆಟ್ಟರೆ ಚಿಗುರುವ ಈ ಗೆಡ್ಡೆಯ ಬಗೆಗೂ ಆಚಾರವಂತ ಶ್ರಾವಕರಿಗೆ ಸಂದೇಹ ಬರಲಿಲ್ಲ. ಒಂದೇ ಊರಿನ ಎರಡು ಅಡುಗೆಮನೆಗಳಲ್ಲಿ ಒಂದು ಹೆಸರನ್ನು ಕೇಳಿ ಒಳಗೆ ಬಿಟ್ಟುಕೊಂಡಿತು, ಇನ್ನೊಂದು ಲಕ್ಷಣವನ್ನು ನೋಡಿ ಹೊರಗಿಟ್ಟಿತು.

ಸಂಶೋಧಕರು ಮುಖ್ಯವಾಗಿ ಎಚ್ಚರವಹಿಸಬೇಕಾದುದು ಪಾಕಗ್ರಂಥಗಳ ಓದಿನಲ್ಲಿ. ಕ್ರಿ.ಶ. 1025ರ ಸುಮಾರಿನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರದ ಭಾಗವಿದೆ. (ಇದರ ಕರ್ತೃ ಚಾವುಂಡರಾಯನೇ ಬೇರೆ, ಗೊಮ್ಮಟನನ್ನು ಕಡೆಯಿಸಿದ ಗಂಗರ ಮಂತ್ರಿಯೇ ಬೇರೆ, ಪರೀಕ್ಷೆಯ ಉತ್ತರಗಳಲ್ಲಿ ಇಬ್ಬರೂ ಇಂದಿಗೂ ಒಂದಾಗುತ್ತಲೇ ಇದ್ದಾರೆ.) 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ಪ್ರಕರಣವಿದೆ. ಮೂರನೆಯ ಮಂಗರಸನ ಕಾಲವನ್ನು 1508ರ ಸುಮಾರೆಂದು ಹೇಳುತ್ತಾರೆ; ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಂದರೆ ಅವನ ‘ಸೂಪಶಾಸ್ತ್ರ’ವು ಹಳೆಯ ಅಡುಗೆಮನೆಯ ಕೊನೆಯ ದೊಡ್ಡ ಕನ್ನಡ ದಾಖಲೆಗಳಲ್ಲೊಂದು. ಈ ಗ್ರಂಥಗಳಲ್ಲಿ ಗೆಡ್ಡೆಯನ್ನು ಸೂಚಿಸುವ ಯಾವ ಶಬ್ದ ಬಂದರೂ ಅದಕ್ಕೆ ಸಿಹಿಗೆಣಸೆಂದೋ ಆಲೂಗೆಡ್ಡೆಯೆಂದೋ ಟಿಪ್ಪಣಿ ಬರೆಯುವಂತಿಲ್ಲ. ಸಂಸ್ಕೃತದ ‘ಆಲು’, ‘ಆಲುಕ’ಗಳ ಪಾಡೂ ಇದೇ, ಬೇರೆ ಗೆಡ್ಡೆಗಳಿಗಿದ್ದ ಆ ಹೆಸರು ಇಂದು ಆಲೂಗೆಡ್ಡೆಯ ಸೊತ್ತಾಗಿದೆ. ಇಂಗ್ಲಿಷ್ ಓದುಗರಿಗೂ ಈ ತೊಡಕು ತಪ್ಪಿದ್ದಲ್ಲ. ಜಹಾಂಗೀರನ ಆಸ್ಥಾನಕ್ಕೆ ಬಂದ ಸರ್ ಥಾಮಸ್ ರೋನ ಪಾದ್ರಿ ಎಡ್ವರ್ಡ್ ಟೆರಿ, ಆಸಫ್ ಖಾನನ ಔತಣದಲ್ಲಿ ‘ಪೊಟೇಟೊ’ ಇದ್ದುದನ್ನು ಬರೆದಿದ್ದಾನೆ. ಅದು ಸಿಹಿಗೆಣಸಾಗಿರಬೇಕೆಂಬುದೇ ಹೆಚ್ಚು ಸಂಭವನೀಯ, ಏಕೆಂದರೆ ಕೆರಿಬಿಯನ್ ದ್ವೀಪಗಳ ‘ಬಟಾಟ’ ಎಂಬ ಮಾತು ಮೊದಲು ಸಿಹಿಗೆಣಸಿನದೇ. ಮರಾಠಿಯ ಬಟಾಟೆ ಇಂದು ಆಲೂಗೆಡ್ಡೆ.

ಗೆಣಸು ಬಡವರ ಆಹಾರವೆಂಬ ಭಾವ ನಮ್ಮ ಮಾತಿನಲ್ಲಿ ಗಟ್ಟಿಯಾಗಿ ಕೂತಿದೆ. ಕೆಲಸವಿಲ್ಲದೆ ಕಾಲ ಕಳೆಯುವವನನ್ನು ‘ಏನು ಗೆಣಸು ಕೆತ್ತುತ್ತಿದ್ದೀಯ’ ಎಂದು ಕೇಳುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇದೇ ಸೀಮೆಯ ಜನಕ್ಕೆ ಅದು ತಮಾಷೆಯ ಮಾತಾಗಿರಲಿಲ್ಲ. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರವರೆಗಿನದು, ಮೈಸೂರು ಸಂಸ್ಥಾನವನ್ನು ಹೇಗೆ ತಿಂದಿತೆಂಬುದನ್ನು ಜನಗಣತಿಯೇ ಹೇಳುತ್ತದೆ: 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188. ಅಂತಹ ದಿನಗಳಲ್ಲಿ ಹೊಲದ ಗೆಣಸು ಮುಗಿದ ಮೇಲೆ ಜನ ಮತ್ತೆ ಬೆಟ್ಟ ಹತ್ತಿ ಹಳೆಯ ಗೆಣಸನ್ನೇ ಹುಡುಕಬೇಕು. ಅದನ್ನು ಗುರುತಿಸುವ, ನಂಜು ಕಳೆಯುವ ತಿಳಿವು ಹೆಸರುಗಳೊಡನೆ ಬಂದಿರುತ್ತದೆ. ಯಾವ ಬಳ್ಳಿ, ಯಾವ ಎಲೆ, ಎಷ್ಟು ನೀರು ಎಂಬುದು ಆ ಹೆಸರು ಬಲ್ಲವರಿಗೆ ಮಾತ್ರ ಗೊತ್ತು. ಈಗ ಆ ಹೆಸರುಗಳು ಎಪ್ಪತ್ತು ದಾಟಿದ ಕುರಿಗಾಹಿಗಳ, ಬೇರುನಾರು ತರುವವರ ಬಾಯಲ್ಲಷ್ಟೇ ಉಳಿದಿವೆ. ಮಧುಗಿರಿ, ಪಾವಗಡದ ಕಡೆಯಿಂದ ಸಂಶೋಧನೆಗೆ ಬರುವ ವಿದ್ಯಾರ್ಥಿಗಳು ಶಾಸನಗಳ ನಕಲಿಗೆ ಹೊರಡುವಾಗ ಈ ಹೆಸರುಗಳನ್ನೂ ಬರೆದು ತಂದರೆ ಮುಂದೆ ಕಾವ್ಯಗಳ ಟಿಪ್ಪಣಿಗೂ ಒದಗುತ್ತದೆ. ಕನ್ನಡ ಹೆಸರಿನ ಪಕ್ಕದಲ್ಲಿ ತೆಲುಗು ಹೆಸರನ್ನೂ ಬರೆದುಕೊಳ್ಳಬೇಕು. ಬಳ್ಳಿಯ ಒಂದು ಎಲೆಯನ್ನಾದರೂ ಒಣಗಿಸಿ ಜೊತೆಗಿಡಬೇಕು.

ಇದೇ ಬೆಟ್ಟಗಳ ಇನ್ನೊಂದು ಬೇರಿನ ಹೆಸರನ್ನು ಮಾತ್ರ ಹೊರಗಿನ ಯಾವುದೂ ಕಿತ್ತುಕೊಂಡಿಲ್ಲ. ಅದು ಮಾಗಳಿ ಬೇರು; ಕೆಲವರು ಮಾಕಳಿ ಎನ್ನುತ್ತಾರೆ, ತಮಿಳರಿಗೆ ಮಾಗಾಳಿಕ್ಕಿೞಂಗು. ತುಮಕೂರು ಸೀಮೆಯ ಬಂಡೆಗಳ ಸಂದಿಯಲ್ಲಿ ಬೆಳೆಯುವ ಬಳ್ಳಿ. ಬೇರನ್ನು ತೊಳೆದು, ಮೇಲಿನ ಸಿಪ್ಪೆ ಹೆರೆದು, ನಡುವಿನ ಗಟ್ಟಿ ಎಳೆಯನ್ನು ಬಿಡಿಸಿ, ಸಣ್ಣಗೆ ಹೆಚ್ಚಿ, ಸಾಸಿವೆ ಖಾರ ಬೆರೆಸಿದ ಉಪ್ಪುಮಜ್ಜಿಗೆಯಲ್ಲಿ ಊರಿಸುತ್ತಾರೆ. ಅದರ ವಾಸನೆಯನ್ನು ತಿಗಣೆಗೆ ಹೋಲಿಸುವವರೂ ಇದ್ದಾರೆ, ಅದಿಲ್ಲದೆ ಮೊಸರನ್ನ ಇಳಿಯದವರೂ ಇದ್ದಾರೆ. ಅದನ್ನು ಯಾರೂ ಹೊಲದ ಬೆಳೆಯಾಗಿ ಬೆಳೆದದ್ದು ಕಡಿಮೆ. ಬೆಟ್ಟದಿಂದ ಬುಡಸಹಿತ ಕಿತ್ತು ತರುವುದೇ ರೂಢಿ, ಕಿತ್ತಲ್ಲಿ ಮತ್ತೆ ಬಳ್ಳಿ ಏಳುವುದಿಲ್ಲ. ಸಂತೆಯಲ್ಲಿ ಅದು ಗೆಣಸಿನ ರಾಶಿಯ ಪಕ್ಕದಲ್ಲಿ ಸಣ್ಣ ಕಟ್ಟುಗಳಾಗಿ ಬರುತ್ತದೆ, ಬೆಲೆ ಮಾತ್ರ ಗೆಣಸಿಗಿಂತ ಬಹಳ ಹೆಚ್ಚು.