ವಿಂಗಡಿತ ವಿಷಯ ನಿರ್ವಹಣಾ ವ್ಯವಸ್ಥೆ

ವಿಂಗಡಿತ ವಿಷಯ ನಿರ್ವಹಣಾ ವ್ಯವಸ್ಥೆ: ಜಾಲತಾಣದ ಬರಹ, ಚಿತ್ರ, ಅಂಕಿಅಂಶಗಳನ್ನು ಒಂದೆಡೆ ಕಾಪಿಟ್ಟು, ಓದುಗನಿಗೆ ಕಾಣುವ ಪುಟವನ್ನು ಇನ್ನೊಂದೆಡೆ ಕಟ್ಟುವ ತಂತ್ರಾಂಶ ಪದ್ಧತಿ. ತಂತ್ರಜ್ಞರು ಇದನ್ನು ಡಿಕಪಲ್ಡ್ ಸಿಎಂಎಸ್ ಎನ್ನುತ್ತಾರೆ. ಪುಟ ಕಟ್ಟುವ ಭಾಗವೇ ಇಲ್ಲದೆ ವಿಷಯದ ಉಗ್ರಾಣವಷ್ಟೇ ಇದ್ದರೆ ಅದು ಹೆಡ್‌ಲೆಸ್. ಎರಡೂ ಬದಿಯ ನಡುವಿನ ಕೊಂಡಿ ಎಪಿಐ. ಪುಟ ಕೇಳಿದ ಮಾಹಿತಿಯನ್ನು ಉಗ್ರಾಣದಿಂದ ತಂದುಕೊಡುವುದು ಅದರ ಕೆಲಸ. ಗ್ರಾಹಕರಿಗಾಗಿ ಜಾಲತಾಣ ಕಟ್ಟಿಕೊಡುವ ಸಂಸ್ಥೆಗಳಲ್ಲಿ ಈ ಪದ್ಧತಿ 2010ರ ದಶಕದಿಂದೀಚೆಗೆ ಬಳಕೆಗೆ ಬಂದಿದೆ.

ಹಿನ್ನೆಲೆ: ಟಿಮ್ ಬರ್ನರ್ಸ್ ಲೀ 1989ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವ ಮುಂದಿಟ್ಟರು. ಜಾಲ ಬೆಳೆದಂತೆ ಬರಹವೂ ಅದರ ಬಣ್ಣ, ಅಳತೆಗಳೂ ಒಂದೇ ಎಚ್‌ಟಿಎಂಎಲ್ ಕಡತದಲ್ಲಿ ಹೆಣೆದುಕೊಂಡವು. ಹೋಕಾನ್ ವಿಯುಮ್ ಲೀ 1994ರಲ್ಲಿ ಸೂಚಿಸಿದ, 1996ರಲ್ಲಿ ಮಾನಕವಾದ ಸಿಎಸ್‌ಎಸ್, ಅಲಂಕಾರವನ್ನು ಬರಹದಿಂದ ಬೇರೆ ಮಾಡಿತು. 2001ರಲ್ಲಿ ಡ್ರೂಪಲ್, 2003ರಲ್ಲಿ ವರ್ಡ್‌ಪ್ರೆಸ್ ಎಂಬ ವಿಷಯ ನಿರ್ವಹಣಾ ತಂತ್ರಾಂಶಗಳು ಬಂದಾಗ ಬರಹ ದತ್ತಸಂಚಯ ಸೇರಿತು. ಆದರೂ ಬರಹ ಸಂಗ್ರಹಿಸುವ ತಂತ್ರಾಂಶವೇ ಪುಟವನ್ನೂ ಕಟ್ಟುತ್ತಿತ್ತು.

ಮೊಬೈಲ್ ಫೋನು ಈ ಜೋಡಿಯನ್ನು ಸಡಿಲಿಸಿತು. ಒಂದೇ ಸುದ್ದಿ ಜಾಲತಾಣಕ್ಕೂ ಆ್ಯಪ್‌ಗೂ ಹೋಗಬೇಕಾಯಿತು. ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್ 2008ರಲ್ಲಿ ತನ್ನ ಎಪಿಐಯನ್ನು ತೆರೆಯಿತು. ಒಮ್ಮೆ ಬರೆದದ್ದನ್ನು ಎಲ್ಲೆಡೆ ಪ್ರಕಟಿಸುವ ಅದರ ಕ್ರಮ ಹೆಸರಾಯಿತು. 2015ರ ಡ್ರೂಪಲ್ 8 ಮತ್ತು 2016ರ ವರ್ಡ್‌ಪ್ರೆಸ್ 4.7 ಆವೃತ್ತಿಗಳು ಎಪಿಐಯನ್ನು ಒಡಲಲ್ಲೇ ಹೊತ್ತು ಬಂದವು. ಹಳೆಯ ತಂತ್ರಾಂಶದಲ್ಲೇ ಬರಹ ಇರಿಸಿಕೊಂಡು, ಪುಟವನ್ನು ಮಾತ್ರ ರಿಯಾಕ್ಟ್‌ನಂಥ ಹೊಸ ಸಲಕರಣೆಯಲ್ಲಿ ಕಟ್ಟುವುದು ಆಮೇಲೆ ಸುಲಭವಾಯಿತು.

ಕನ್ನಡದ ಅನುಭವ: ಹೂರಣವನ್ನು ರೂಪದಿಂದ ಬಿಡಿಸುವ ಕಷ್ಟವನ್ನು ಕನ್ನಡ ಅಕ್ಷರದ ಮಟ್ಟದಲ್ಲೇ ಉಂಡಿದೆ. 1990ರ ದಶಕದ ಫಾಂಟುಗಳಲ್ಲಿ ಕಡತ ಸೇರುತ್ತಿದ್ದುದು ಅಕ್ಷರವಲ್ಲ, ಅದರ ಆಕಾರದ ತುಣುಕು. ಆ ಫಾಂಟು ಇಲ್ಲದ ಗಣಕದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತಿದ್ದವು. ಪದ ಹುಡುಕಲು, ಅಕಾರಾದಿಯಾಗಿ ಜೋಡಿಸಲು ಸುಲಭದ ದಾರಿ ಇರಲಿಲ್ಲ. ಅಂಥ ಕಾಲದಲ್ಲಿಯೇ, 1996ರಲ್ಲಿ, ಯು. ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲತಾಣ ಕನ್ನಡವನ್ನು ಜಾಲಕ್ಕೆ ತಂದಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಅಕ್ಷರಕ್ಕೆ ಸಂಕೇತ, ಆಕಾರಕ್ಕೆ ಫಾಂಟು ಎಂದು ಬೇರ್ಪಡಿಸಿದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಅದು ಮನೆಮನೆಯ ಗಣಕ ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಫಾಂಟಿನ ಜೊತೆಗೆ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಡ್ರೂಪಲ್ ಆಧಾರಿತ ‘ಸಂಪದ’ ಜಾಲತಾಣ ಆರಂಭವಾದವು.

1969ರಲ್ಲಿ ಮೊದಲ ಸಂಪುಟ ಕಂಡ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಈ ಬದಲಾವಣೆಯ ದೊಡ್ಡ ಫಲಾನುಭವಿ. 2014ರಲ್ಲಿ ಅದರ ಕೆಲವು ಸಂಪುಟಗಳು ಮುಕ್ತ ಪರವಾನಗಿಯಲ್ಲಿ ಹೊರಬಂದು, ಯೂನಿಕೋಡ್ ರೂಪದಲ್ಲಿ ವಿಕಿಸೋರ್ಸ್ ಸೇರಿದವು. ಮುದ್ರಣಕ್ಕೆಂದು ಬರೆದದ್ದು ಹೀಗೆ ಯಾವ ತೆರೆಯಲ್ಲಾದರೂ ಓದಬಲ್ಲ ಬರಹವಾಯಿತು.

ಆಡಳಿತದಲ್ಲಿ: ಚಿಕ್ಕಮಗಳೂರು ಜಿಲ್ಲೆಯ ಅಧಿಕೃತ ಜಾಲತಾಣ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ರೂಪಿಸಿದ ಎಸ್3ವಾಸ್ ಚೌಕಟ್ಟಿನಲ್ಲಿದೆ. ವಿನ್ಯಾಸದ ಮಾದರಿ ದೇಶದ ಅನೇಕ ಜಿಲ್ಲೆಗಳಿಗೆ ಸಮಾನ. ಕನ್ನಡ, ಇಂಗ್ಲಿಷ್ ವಿಷಯ ತುಂಬುವುದು ಜಿಲ್ಲಾಡಳಿತ. ಇದು ಪೂರ್ಣ ವಿಂಗಡಣೆಯಲ್ಲ, ಅದರತ್ತ ಇಟ್ಟ ಹೆಜ್ಜೆ.

ಕೆಲಸದ ಕ್ರಮ: ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಬಳಿ ಶಕುನಗಿರಿಯ ಅಡಿಯಲ್ಲಿರುವ ಅಯ್ಯನಕೆರೆಯನ್ನು ಉದಾಹರಣೆಯಾಗಿ ನೋಡಬಹುದು. ಕೆರೆಯನ್ನು ರುಕ್ಮಾಂಗದರಾಯ ಕಟ್ಟಿಸಿದನೆಂಬುದು ಪ್ರತೀತಿ. ಹಳೆಯ ಪದ್ಧತಿಯಲ್ಲಿ ಇದೆಲ್ಲ ಒಂದೇ ಪುಟದ ಪ್ಯಾರಾ. ವಿಂಗಡಿತ ಪದ್ಧತಿಯಲ್ಲಿ ಹೆಸರು, ಹೋಬಳಿ, ತಾಲ್ಲೂಕು, ಇತಿಹಾಸ, ಚಿತ್ರ, ನಕ್ಷೆಯ ಬಿಂದು ಎಲ್ಲಕ್ಕೂ ಬೇರೆಬೇರೆ ಅಂಕಣ. ಪ್ರವಾಸದ ಜಾಲತಾಣ ಇತಿಹಾಸವನ್ನೂ ಚಿತ್ರವನ್ನೂ, ದಾರಿ ತೋರಿಸುವ ಆ್ಯಪ್ ಬಿಂದುವನ್ನೂ ಒಂದೇ ದಾಖಲೆಯಿಂದ ಎತ್ತಿಕೊಳ್ಳುತ್ತವೆ.

ಇದರ ಬೆಲೆ ತಿಳಿಯುವುದು ಬದಲಾವಣೆ ಬಂದಾಗ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದವು; ಚಿಕ್ಕಮಗಳೂರೂ ಅವುಗಳಲ್ಲೊಂದು. ಮುಂದೆ ತರೀಕೆರೆಯಿಂದ ಬೇರ್ಪಟ್ಟು ಅಜ್ಜಂಪುರ ತಾಲ್ಲೂಕಾಯಿತು. ಜಿಲ್ಲೆ, ತಾಲ್ಲೂಕಿನ ಹೆಸರು ಪುಟಪುಟದಲ್ಲೂ ಬರೆದಿದ್ದರೆ ಒಂದೊಂದನ್ನೂ ತಿದ್ದಬೇಕು. ಒಂದು ದಾಖಲೆಯಲ್ಲಿದ್ದು ಉಳಿದವು ಅದನ್ನು ನೆಚ್ಚಿದ್ದರೆ ತಿದ್ದುಪಡಿ ಒಂದೇ ಸಲ.

ಗುಣದೋಷ: ಗ್ರಾಹಕರು ಬರಹ ತುಂಬುತ್ತಿರುವಾಗಲೇ ವಿನ್ಯಾಸದ ತಂಡ ಪುಟ ಕಟ್ಟಬಹುದು. ಕೆಲ ವರ್ಷಗಳ ನಂತರ ಬರಹ ಮುಟ್ಟದೆ ತಾಣದ ಚಹರೆ ಬದಲಿಸಬಹುದು. ಮೊದಲೇ ಸಿದ್ಧಪಡಿಸಿದ ಪುಟಗಳು ನಿಧಾನಗತಿಯ ಸಂಪರ್ಕದಲ್ಲೂ ಬೇಗ ತೆರೆಯುತ್ತವೆ. ಆದರೆ ಎರಡು ವ್ಯವಸ್ಥೆಗಳನ್ನು ನೋಡಿಕೊಳ್ಳುವ ಖರ್ಚಿದೆ. ಪ್ರಕಟಣೆಗೆ ಮುನ್ನ ಪುಟ ಹೇಗೆ ಕಾಣುವುದೆಂದು ನೋಡುವ ಸೌಲಭ್ಯವನ್ನು ಬೇರೆಯಾಗಿ ಕಟ್ಟಬೇಕು. ನಾಲ್ಕಾರು ಪುಟಗಳ ಅಂಗಡಿಯ ತಾಣಕ್ಕೆ ಮಾಮೂಲಿ ವರ್ಡ್‌ಪ್ರೆಸ್ ಸಾಕು.

ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. ‘ವರ್ಡ್‌ಪ್ರೆಸ್’ ಎಂಬ ಪದದಲ್ಲಿ ಡ್ ಮತ್ತು ಪ್ರೆ ನಡುವೆ ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆಯೊಂದಿದೆ. ಬರಹ ಎಪಿಐ ದಾಟುವಾಗ ಅದನ್ನು ಕಸವೆಂದು ಗುಡಿಸಿದರೆ ಅಕ್ಷರಗಳು ಒತ್ತಾಗಿ ಕೂಡಿಕೊಂಡು ಪದ ಕೆಡುತ್ತದೆ. ಒತ್ತಕ್ಷರಗಳು ಒಂದಕ್ಕೊಂದು ತಾಗದಂತೆ ಸಾಲಿನ ಅಂತರವನ್ನೂ ಇಂಗ್ಲಿಷಿಗಿಂತ ಹೆಚ್ಚಿಡಬೇಕು. ಮೊದಲನೆಯದು ಉಗ್ರಾಣದ ಹೊಣೆ, ಎರಡನೆಯದು ಪುಟದ ಹೊಣೆ.

ಜಾಲತಾಣದ ಗುತ್ತಿಗೆ ಮುಗಿಯುತ್ತದೆ, ವಿನ್ಯಾಸ ಹಳೆಯದಾಗುತ್ತದೆ, ಬರಹ ಉಳಿಯಬೇಕು. ಆದ್ದರಿಂದ ಒಪ್ಪಂದ ಮಾಡಿಕೊಳ್ಳುವಾಗಲೇ, ಇಡೀ ಬರಹವನ್ನು ಯೂನಿಕೋಡ್‌ನಲ್ಲಿ, ಮುಕ್ತ ಮಾದರಿಯ ಕಡತವಾಗಿ ಹಿಂತಿರುಗಿಸುವ ಷರತ್ತು ಇರುವುದು ಅಗತ್ಯ. ಫಾಂಟಿನಲ್ಲಿ ಸಿಕ್ಕಿಬಿದ್ದ ಬರಹವನ್ನು ಬಿಡಿಸಲು ಕನ್ನಡಿಗರು ವರ್ಷಗಟ್ಟಲೆ ದುಡಿದಿದ್ದಾರೆ. ಅದೇ ಬರಹ ಮತ್ತೆ ಯಾವುದೋ ಒಂದು ತಂತ್ರಾಂಶದಲ್ಲಿ ಸಿಕ್ಕಿಕೊಳ್ಳಬಾರದು.