ಉಪ್ಪುಗಾಳಿಯೂ ಮಾರಲಿರುವ ಕಾರೂ

ಮರವಂತೆಯ ರಸ್ತೆಯನ್ನು ಕಂಡವರಿಗೆ ಅದರ ವರ್ಣನೆ ಬೇಕಿಲ್ಲ. ಕಾಣದವರಿಗೆ ಎರಡು ಮಾತು ಸಾಕು. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ ನದಿ, ನಡುವಿನ ಕಿರಿದಾದ ನೆಲದ ಮೇಲೆ ಹೆದ್ದಾರಿ. ಹದಿನೇಳನೆಯ ರಾಷ್ಟ್ರೀಯ ಹೆದ್ದಾರಿ ಎಂದು ನಾವು ಮಕ್ಕಳಿಗೆ ಪಾಠ ಹೇಳಿದ ಈ ದಾರಿ 2010ರ ಮರುಸಂಖ್ಯೀಕರಣದಲ್ಲಿ ಅರುವತ್ತಾರನೆಯದಾಯಿತು. ಪ್ರವಾಸಿಗಳು ಇಲ್ಲಿ ಕಾರು ನಿಲ್ಲಿಸಿ, ಕಡಲು ನೋಡಿ, ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಇಲ್ಲಿಯೇ ಕಾರು ಇಟ್ಟುಕೊಂಡು ಬದುಕುವವರ ಅನುಭವ ಬೇರೆ. ರಾತ್ರಿ ತೊಳೆದಿಟ್ಟ ಗಾಜಿನ ಮೇಲೆ ಬೆಳಗ್ಗೆ ಬೆರಳಾಡಿಸಿದರೆ ಅಂಟಂಟಾದ ತೆಳುಪದರ. ನಾಲಗೆಗೆ ಮುಟ್ಟಿಸಿದರೆ ಉಪ್ಪು.

ಮದುವೆಯಾಗಿ ಒಂದೆರಡು ವರ್ಷ ಕಳೆದ ನನ್ನ ಹಳೆಯ ವಿದ್ಯಾರ್ಥಿಗಳಿಂದ ಈಚೆಗೆ ಒಂದೇ ಬಗೆಯ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡ ಸಣ್ಣ ಕಾರೊಂದಿದೆ. ಮಗುವಾಗುವ ಮೊದಲು ಅದನ್ನು ಮಾರಿ ಸ್ವಲ್ಪ ದೊಡ್ಡದನ್ನೋ ಭದ್ರವಾದುದನ್ನೋ ಕೊಳ್ಳಬೇಕು. ಅಲ್ಲಿಯವರೆಗೆ ಅದಕ್ಕೆಷ್ಟು ಖರ್ಚು ಮಾಡಬೇಕು? "ಹ್ಯಾಂಗೂ ಮಾರೂದ್ ಅಲ್ದಾ ಮಾಷ್ಟ್ರೇ, ದುಡ್ಡ್ ಹಾಕೂದ್ ಎಂತಕೆ?" ಎಂಬುದು ಪ್ರಶ್ನೆಯ ಸಾರ. ಇತಿಹಾಸ ಪಾಠ ಮಾಡಿದವನಿಗೆ ಯಾವ ಪ್ರಶ್ನೆಗೂ ನೇರವಾಗಿ ಉತ್ತರಿಸುವ ಅಭ್ಯಾಸವಿಲ್ಲ. ಸ್ವಲ್ಪ ಹಿಂದಿನಿಂದಲೇ ಬರುತ್ತೇನೆ.

1956ರ ನವೆಂಬರ್ ಒಂದರವರೆಗೆ ನಮ್ಮ ಸೀಮೆ ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಸ್ವಂತ ಕಾರೆಂದರೆ ವೈದ್ಯರದು, ವಕೀಲರದು, ದೊಡ್ಡ ಜಮೀನುದಾರರದು. ಉಳಿದವರಿಗೆ ಬಾಡಿಗೆಯ ಕಾರು, ಅದೂ ಹೆರಿಗೆಗೋ ದಿಬ್ಬಣಕ್ಕೋ. ಹೊಳೆಗಳಿಗೆ ಸೇತುವೆಗಳಾಗುವ ಮೊದಲು ವಾಹನಗಳು ಜಂಗಲಿನ ಮೇಲೇರಿ ಕಡವು ದಾಟಬೇಕಿತ್ತು. ಮೇಲೆ ಉಪ್ಪುಗಾಳಿ, ಕೆಳಗೆ ಭರತದ ಉಪ್ಪುನೀರು.

ಮುಂದಿನ ಕಾಲ ಪರವಾನಗಿಗಳ ಕಾಲ. ಕಲಕತ್ತೆಯ ಬಳಿಯ ಉತ್ತರಪಾರಾದಲ್ಲಿ ಅಂಬಾಸಿಡರ್, ಮುಂಬಯಿಯ ಕುರ್ಲಾದಲ್ಲಿ ಫಿಯೆಟ್, ಮದರಾಸಿನಲ್ಲಿ ಸ್ಟಾಂಡರ್ಡ್. ಆಯ್ಕೆ ಅಲ್ಲಿಗೆ ಮುಗಿಯಿತು. 1959ರಲ್ಲಿ ಬಂದ ನಿಯಂತ್ರಣ ಆದೇಶ ಕಾರುಗಳ ಹಂಚಿಕೆಯನ್ನೂ ಮಾರಾಟವನ್ನೂ ಸರಕಾರದ ಕೈಗೆ ಕೊಟ್ಟಿತು. ಹಣವಿದ್ದವನೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಇದರಿಂದಾದ ವಿಚಿತ್ರವೊಂದನ್ನು ಇಂದಿನ ತರುಣರು ನಂಬಲಾರರು: ಓಡಿದ ಕಾರಿಗೆ ಹೊಸ ಕಾರಿಗಿಂತ ಹೆಚ್ಚು ಬೆಲೆ ಬರುತ್ತಿತ್ತು. ಹೊಸದಕ್ಕೆ ಕಾಯಬೇಕು, ಹಳೆಯದು ಇಂದೇ ಸಿಗುತ್ತದೆ ಎಂಬುದಷ್ಟೇ ಕಾರಣ. ಆದ್ದರಿಂದ ಅಂದು ಕಾರು ಒಂದು ಬಗೆಯ ಚಿನ್ನ. ಮಗಳ ಮದುವೆ, ಮನೆಯ ಮಾಡು, ಮಗನ ಓದು ಎಂದು ಅಗತ್ಯ ಬಿದ್ದಾಗ ಅದನ್ನು ಮಾರಿ ಕಾರ್ಯ ಸಾಗಿಸುತ್ತಿದ್ದರು. ಸಂಸಾರ ಬೆಳೆಯುವ ಹೊಸ್ತಿಲಲ್ಲಿ ಕಾರು ಮಾರುವುದು ಹೊಸ ಪದ್ಧತಿಯಲ್ಲ. ಹಿಂದಿನವರು ಕಾರು ಬಿಟ್ಟು ಸಂಸಾರ ನಡೆಸಿದರು, ಇಂದಿನವರು ಇನ್ನೊಂದು ಕಾರಿನೊಡನೆ ನಡೆಸುತ್ತಾರೆ. ವ್ಯತ್ಯಾಸ ಅಷ್ಟೇ.

ಬೆಲೆ ಹೇಗಿದ್ದರೂ ಬರುವ ಕಾಲದಲ್ಲಿ ಆರೈಕೆಯ ಅಗತ್ಯವೇನಿತ್ತು ಎಂದು ಕೇಳಬಹುದು. ಬಿಡಿಭಾಗಕ್ಕೂ ಕಾಯಬೇಕಾದ ದಿನಗಳಲ್ಲಿ ಕೆಡದಂತೆ ನೋಡಿಕೊಳ್ಳುವುದೊಂದೇ ದಾರಿಯಾಗಿತ್ತು. ಅದಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿ ಮೊದಲೇ ಇತ್ತು. ಅದು ದೋಣಿಯ ವಿದ್ಯೆ. ಮರದ ದೋಣಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ಊರಿನಲ್ಲಿ ಕಾರಿನ ಅಡಿಗೆ ಎಣ್ಣೆ ಬಳಿಯುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಳೆಗಾಲಕ್ಕೆ ಮುನ್ನ ಎಂಜಿನಿನಿಂದ ತೆಗೆದ ಕರಿ ಎಣ್ಣೆಯನ್ನು ಚಾಸಿಗೂ ಪಟ್ಟಿ ಸ್ಪ್ರಿಂಗಿಗೂ ಬಳಿಯುವ ರೂಢಿ ಬೆಳೆಯಿತು. ಅದು ಬಿಸಿಯಾದ ಸೈಲೆನ್ಸರಿಗೆ ತಾಗಿದರೆ ಹೊಗೆ, ರಬ್ಬರಿಗೆ ತಾಗಿದರೆ ಕೇಡು, ಹೊಳೆಗೆ ಇಳಿದರೆ ಮೀನಿಗೆ ವಿಷ. ಇಂದು ಅದಕ್ಕೆಂದೇ ತಯಾರಾದ ಲೇಪನಗಳಿರುವಾಗ ಕರಿ ಎಣ್ಣೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಕೇಡು ಕೆಳಗಿನಿಂದ ಬರುತ್ತದೆಂಬ ಅವರ ತಿಳಿವಳಿಕೆ ಸರಿಯಾಗಿತ್ತು.

ತುಕ್ಕಿನ ಸ್ವಭಾವವೇ ಹಾಗೆ. ಗಾಳಿಯ ತೇವ ನೂರಕ್ಕೆ 75ನ್ನು ಮೀರಿದರೆ ಅಡುಗೆಯ ಉಪ್ಪು ಗಾಳಿಯ ನೀರನ್ನು ಹೀರಿ ತಾನೇ ಕರಗುತ್ತದೆ. ಮಳೆಗಾಲದ ಉಪ್ಪಿನ ಭರಣಿಯನ್ನು ನೋಡಿದ ಗೃಹಿಣಿಯರಿಗೆ ಇದು ಗೊತ್ತು. ಕಾರಿನ ತಗಡಿನ ಸಂದಿಯಲ್ಲಿ ಕುಳಿತ ಉಪ್ಪೂ ಹಾಗೆಯೇ ಮಳೆಯಿಲ್ಲದ ದಿನವೂ ಲೋಹವನ್ನು ಒದ್ದೆಯಾಗಿ ಇಡುತ್ತದೆ. ಬಾಗಿಲಿನ ಕೆಳಅಂಚಿನಲ್ಲಿ ನೀರು ಬಸಿಯಲೆಂದು ಸಣ್ಣ ತೂತುಗಳಿರುತ್ತವೆ. ಮರಳು ತುಂಬಿ ಅವು ಮುಚ್ಚಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಮೀನಿನ ಲಾರಿಗಳಿಂದ ರಸ್ತೆಗೆ ಸುರಿಯುವ ಉಪ್ಪುನೀರಿನದು ಇನ್ನೊಂದು ಪಾಲು. ತೊಳೆಯುವವರೂ ಎಚ್ಚರ ವಹಿಸಬೇಕು: ಕಡಲ ಬದಿಯ ಕೆಲವು ಬಾವಿಗಳ ನೀರು ಬೇಸಗೆಯಲ್ಲಿ ಸವುಳಾಗುತ್ತದೆ, ಅದರಲ್ಲಿ ತೊಳೆದರೆ ಉಪ್ಪಿನ ಮೇಲೆ ಉಪ್ಪು.

ಆಸಾಡಿ ಅಮಾವಾಸ್ಯೆಯ ದಿನ ಈ ಕಥೆಯೆಲ್ಲ ಒಂದೇ ಕಡೆ ಕಾಣಸಿಗುತ್ತದೆ. ಅಂದು ಮರವಂತೆಯ ವರಾಹ ದೇವಸ್ಥಾನದ ಜಾತ್ರೆ. ನವದಂಪತಿಗಳು ಕಡಲಲ್ಲಿಯೂ ಹೊಳೆಯಲ್ಲಿಯೂ ಮಿಂದು ದೇವರ ದರ್ಶನ ಮಾಡುವುದು ಹಿಂದಿನಿಂದ ಬಂದ ಆಚಾರ. ಹಿಂದೆ ನಡೆದು, ದೋಣಿಯಲ್ಲಿ, ಬಸ್ಸಿನಲ್ಲಿ ಬರುತ್ತಿದ್ದರು. ಈಗ ಬಹಳ ಮಂದಿ ಕಾರಿನಲ್ಲಿ. ತೆರೆಯ ಸಿಡಿಲಿಗೆ ಒಡ್ಡಿಕೊಂಡು ಹೆದ್ದಾರಿಯುದ್ದಕ್ಕೂ ನಿಂತ ಆ ಕಾರುಗಳಲ್ಲಿ ಎಷ್ಟೋ ಕಾರುಗಳು ಮುಂದಿನ ವರ್ಷದೊಳಗೆ ಬೇರೆ ಒಡೆಯರನ್ನು ಸೇರುತ್ತವೆಯೆಂಬುದು ನನ್ನ ಊಹೆ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಗ್ರಾಹಕರೊಬ್ಬರ ಕೈಗಿತ್ತರು. ಬೆಲೆ 47,500 ರೂಪಾಯಿ. ಮೊದಮೊದಲು ಅದಕ್ಕೂ ಕಾಯಬೇಕಿತ್ತು. 1991ರ ಬಳಿಕ ಬೇರೆ ಕಂಪೆನಿಗಳೂ ಬ್ಯಾಂಕಿನ ಸಾಲವೂ ಬಂದು ಕಾಯುವುದು ತಪ್ಪಿದಾಗ ಹಳೆಯ ಲೆಕ್ಕ ತಲೆಕೆಳಗಾಯಿತು: ಕೊಂಡ ದಿನದಿಂದಲೇ ಕಾರಿನ ಬೆಲೆ ಇಳಿಯತೊಡಗಿತು. ಕೊಳ್ಳುವವನಿಗೆ ಆಯ್ಕೆ ಬಂತು. ಆಗ ಮಾರುವವನಿಗೆ ಒಂದು ಹೊಸ ಕಲೆ ಬೇಕಾಯಿತು, ತೋರಿಸುವ ಕಲೆ. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತುಂಡು ಬೆಸೆಯುವ ಟಿಂಕರಿಂಗ್ ನಿಜವಾದ ದುರಸ್ತಿ. ತೂತಿನ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುವುದು ಬೇರೆಯೇ ವ್ಯವಹಾರ. ಎರಡೂ ಒಂದೇ ಗ್ಯಾರೇಜಿನಲ್ಲಿ ನಡೆಯಬಹುದು, ಹೊರಗಿನಿಂದ ಎರಡೂ ಒಂದೇ ರೀತಿ ಹೊಳೆಯಬಹುದು. ಬಲ್ಲವರು ಚಿಕ್ಕ ಅಯಸ್ಕಾಂತವನ್ನು ತಾಗಿಸಿ ನೋಡುತ್ತಾರೆ. ಪುಟ್ಟಿ ದಪ್ಪವಿದ್ದಲ್ಲಿ ಅದು ಹಿಡಿಯುವುದಿಲ್ಲ. ಬಲ್ಲದವರು ಸೀಟಿನ ಹೊದಿಕೆಯನ್ನು ನೋಡಿ ಮೆಚ್ಚುತ್ತಾರೆ.

ಮಗುವಿಗೆ ಮುನ್ನ ಕಾರು ಬದಲಿಸಬೇಕೆನ್ನುವವರ ಕಾಳಜಿ ಪೊಳ್ಳಲ್ಲ. 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಸಣ್ಣ ಕಾರುಗಳ ಅಗ್ಗದ ಮಾದರಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಬಂತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 194ಬಿ ಎಂಬ ಕಲಮು ಸೇರಿ, ಹದಿನಾಲ್ಕು ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ಓಡಿಸಿದರೆ ಸಾವಿರ ರೂಪಾಯಿ ದಂಡ ಬಂತು. ದಂಡಕ್ಕೆ ಹೆದರುವವರು ಕಡಿಮೆ, ಆದರೆ ಎಚ್ಚರಿಕೆ ಸರಿಯಾದುದೇ.

ಇಲ್ಲಿಯೇ ನನ್ನನ್ನು ಕಾಡುವ ಸಂಗತಿಯಿರುವುದು. ತನ್ನ ಮಗುವಿಗೆ ಸಾಲದೆಂದು ಒಬ್ಬನು ಮಾರುವ ಕಾರನ್ನು ಸಾಮಾನ್ಯವಾಗಿ ಕೊಳ್ಳುವವನು ಯಾರು? ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಇದುವರೆಗೆ ಬೈಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವನು. ಅವನಿಗದು ಒಂದು ಮೆಟ್ಟಿಲು ಮೇಲೆ. ಆದ್ದರಿಂದ ಮಾರುವುದರಲ್ಲಿ ತಪ್ಪಿಲ್ಲ. ಪುಟ್ಟಿಯ ಅಡಿಯಲ್ಲಿ ನೆಲವೇ ಕರಗಿದ ಕಾರನ್ನು ಮಾರಿದರೆ ಮಾತ್ರ ಆ ಮೆಟ್ಟಿಲೇ ಪೊಳ್ಳು.

ಇನ್ನೊಂದು ಅಪಾಯ ಮಾರುವವನಿಗೇ ಇದೆ. 'ಹೇಗೂ ಮಾರುವುದು' ಎಂಬ ಮಾತು ಒಮ್ಮೆ ಮನೆಗೆ ಬಂದರೆ ಟೈರು ಬದಲಿಸುವುದು ಮುಂದಕ್ಕೆ ಹೋಗುತ್ತದೆ, ಬ್ರೇಕಿನ ಕಿರುಚಾಟ ಅಭ್ಯಾಸವಾಗುತ್ತದೆ. ದೀಪಾವಳಿಗೆ ಎಂದದ್ದು ಯುಗಾದಿಗೆ, ಯುಗಾದಿ ಕಳೆದು ಆಷಾಢ. ಆಷಾಢದಲ್ಲಿ ಕೊಳ್ಳುವವರು ಬರುವುದಿಲ್ಲ. ಮಗು ಮಾತ್ರ ಯಾರ ಮುಹೂರ್ತವನ್ನೂ ಕಾಯದು. ಕೊನೆಗೆ ತುಂಬು ಬಸುರಿಯನ್ನು ಜಡಿಮಳೆಯ ರಾತ್ರಿ ಕುಂದಾಪುರಕ್ಕೋ ಮಣಿಪಾಲಕ್ಕೋ ಕರೆದೊಯ್ಯುವುದು ಅದೇ ಸವೆದ ಟೈರಿನ ಮೇಲೆ. ಮಾರುವ ಕಾರು ಮಾರುವ ದಿನದವರೆಗೂ ಓಡಿಸುವ ಕಾರೇ.

ಹಾಗಾದರೆ ಹಣ ಎಲ್ಲಿ ಹಾಕಬೇಕು? ಕಣ್ಣಿಗೆ ಕಾಣದಲ್ಲಿ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಒಳ್ಳೆಯದು. ಅದನ್ನು ಒಯ್ಯುವ ಉಕ್ಕಿನ ಕೊಳವೆಗಳು ನಮ್ಮ ಗಾಳಿಯಲ್ಲಿ ಹೊರಗಿನಿಂದ ತುಕ್ಕು ಹಿಡಿಯುತ್ತವೆ. ಕಾರನ್ನು ಎತ್ತಿಸಿ ನೋಡಿಸಬೇಕು. ಟೈರಿನ ಬದಿಯ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ಅಂಕಿ ವಾರ, ಮತ್ತೆರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ ತಯಾರಾದುದು. ಬೆಲ್ಟುಗಳು ನಾಲ್ಕೂ ಸರಿಯಾಗಿ ಸಿಗಬೇಕು. ವಾರಕ್ಕೊಮ್ಮೆಯಾದರೂ ಹತ್ತು ಹದಿನೈದು ಕಿಲೋಮೀಟರು ಓಡಿಸಬೇಕು. ನಿಂತ ಕಾರಿನ ಡಿಸ್ಕಿಗೆ ತುಕ್ಕು, ವಯರಿಗೆ ಇಲಿ. ಪ್ಲಾಸ್ಟಿಕ್ ಹೊದಿಕೆಯನ್ನು ನಾನು ಒಪ್ಪುವುದಿಲ್ಲ. ಅದು ಮಳೆಯನ್ನು ತಡೆದು ತೇವವನ್ನು ಒಳಗಿಟ್ಟುಕೊಳ್ಳುತ್ತದೆ. ಹೊಸ ಸೀಟು, ಹೊಸ ಸ್ಟೀರಿಯೋ, ಪೂರ್ತಿ ಬಣ್ಣ ಇವಕ್ಕೆ ಹಾಕಿದ ಹಣ ಹಿಂದೆ ಬರುವುದು ಅಪರೂಪ. ಇಡೀ ಕಾರು ಹೊಸ ಬಣ್ಣದಲ್ಲಿದ್ದರೆ ಬಲ್ಲವನಿಗೆ ಮೊದಲು ಹುಟ್ಟುವುದು ಸಂಶಯ. ಗ್ಯಾರೇಜಿನ ಬಿಲ್ಲುಗಳನ್ನು ಒಂದು ಕಡತದಲ್ಲಿ ಹಾಕಿಟ್ಟು ತೋರಿಸಿದರೆ ಅದಕ್ಕೆ ಬಣ್ಣಕ್ಕಿಂತ ಹೆಚ್ಚು ಬೆಲೆ.

ಕಡೆಯದಾಗಿ ಕಾಗದ. ನಮ್ಮವರು ಬಹಳ ಹಗುರವಾಗಿ ನೋಡುವುದು ಇದನ್ನೇ. 1939ರ ಕಾಯಿದೆಯ ಬದಲಿಗೆ ಬಂದು 1989ರ ಜುಲೈ ಒಂದರಿಂದ ಜಾರಿಯಾದ ಮೋಟಾರು ವಾಹನ ಕಾಯಿದೆಯ ಐವತ್ತನೆಯ ಕಲಮಿನಂತೆ, ರಾಜ್ಯದೊಳಗೆ ಕಾರು ಮಾರಿದವನು ಹದಿನಾಲ್ಕು ದಿನಗಳಲ್ಲಿ ನೋಂದಣಿ ಅಧಿಕಾರಿಗೆ ತಿಳಿಸಬೇಕು. 29 ಮತ್ತು 30ನೆಯ ನಮೂನೆಗಳು ಇದಕ್ಕಾಗಿಯೇ ಇವೆ. ಸಹಿ ಹಾಕಿದ ಖಾಲಿ ನಮೂನೆಯನ್ನು ದಲ್ಲಾಳಿಯ ಕೈಗಿತ್ತು ಮರೆತವರ ಗತಿಯೇನು? 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಕಾರು ಕೈಯಿಂದ ಕೈಗೆ ದಾಟಿತ್ತು, ಪುಸ್ತಕದಲ್ಲಿ ಮೊದಲಿನವನ ಹೆಸರೇ ಉಳಿದಿತ್ತು, ಅಪಘಾತದಲ್ಲಿ ಜೀವಹಾನಿಯಾಗಿತ್ತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಪರಿಹಾರದ ಹೊಣೆಯೂ ಅವನದೇ ಎಂದಿತು ನ್ಯಾಯಾಲಯ. 2023ರ ಏಪ್ರಿಲ್‌ನಿಂದ, ಅಧಿಕೃತ ವ್ಯಾಪಾರಿಗೆ ಕಾರು ಒಪ್ಪಿಸಿದರೆ ಅದನ್ನೂ ತಿಳಿಸಲು ಪ್ರತ್ಯೇಕ ನಮೂನೆ ಬಂದಿದೆ. ನೇರವಾಗಿ ಮಾರುವವರು ಕಾರು ಒಪ್ಪಿಸುವ ಚೀಟಿಯೊಂದನ್ನು ಎರಡು ಪ್ರತಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಬೇಕು. ಅದರಲ್ಲಿ ಓಡಿದ ಕಿಲೋಮೀಟರು, ತಿಳಿದಿರುವ ದೋಷಗಳು, ದಿನಾಂಕ, ದಿನಾಂಕದ ಮುಂದೆ ಗಂಟೆ.